ಧೀರ ಆಟಗಾರ ಜಾಕಿ ರಾಬಿನ್‌ಸನ್

1955ನೆಯ ಇಸವಿ ಅಕ್ಟೋಬರ್ 4ನೆಯ ದಿನ. ಅಮೆರಿಕದ ನ್ಯೂಯಾರ್ಕ್ ಮಹಾನಗರದ ಒಂದು ಭಾಗವಾದ ಬ್ರೂಕ್ಲಿನ್ನಿನಲ್ಲಿ ಅಂದು ಜನರೆಲ್ಲ ಬೀದಿಗಿಳಿದಿದ್ದರು. ಮೋಟಾರುಗಳ ಹಾರನ್ನುಗಳು ಎಡೆಬಿಡದೆ ಮೊಳಗುತ್ತಿದ್ದವು. ಕಾಗದದ ಚೂರುಗಳು ಹೂಮಳೆಯಂತೆ ಸುರಿಯುತ್ತಿದ್ದವು. ಹಿರಿಯರು ಕಿರಿಯರೆನ್ನದೆ ಎಲ್ಲರೂ ಕುಣಿದಾಡಿದರು. ಬ್ರೂಕ್ಲಿನ್ ಡಾಡ್ಜರ್ಸ್ ಎಂಬ ಬೇಸ್‌ಬಾಲ್ ತಂಡವು ಆ ದಿನ ಮೊಟ್ಟಮೊದಲ ಬಾರಿಗೆ ವಿಶ್ವಸರಣಿಯನ್ನು ಗೆದ್ದಿತ್ತು. ಅದಕ್ಕೆ ಮುಂಚೆ ಆ ತಂಡವು ಏಳು ಸಲ ಅಂತಿಮ ಸರಣಿಯವರೆಗೂ ಬಂದು ಸೋತಿತ್ತು. ಆ ಏಳರಲ್ಲಿ ಐದು ಸೋಲುಗಳು ಅದೇ ನಗರದ ಯಾಂಕೀಸ್ ತಂಡದಿಂದ ಆದವು. ಸೋತಾಗಲೆಲ್ಲ ಬ್ರೂಕ್ಲಿನ್ನಿನ ಜನರು ಮುಂದಿನ ವರ್ಷವನ್ನು ನೆನೆದು ಸಮಾಧಾನ ತಂದುಕೊಳ್ಳುತ್ತಿದ್ದರು. ಕೊನೆಗೂ ಆ ಮುಂದಿನ ವರ್ಷ ಬಂದಿತ್ತು. ಸೋತವರು ಅದೇ ಯಾಂಕೀಸರು.

ಗೆಲುವಿನ ಮರುಗಳಿಗೆಯಿಂದಲೇ ಅಭಿಮಾನಿಗಳಲ್ಲಿ ಚರ್ಚೆ ಮೊದಲಾಯಿತು. ಈ ಕೀರ್ತಿ ಯಾರಿಗೆ ಸಲ್ಲಬೇಕು? ಎದುರಾಳಿಗಳಿಗೆ ಒಂದೂ ಓಟವನ್ನು ಬಿಟ್ಟುಕೊಡದೆ ಚೆಂಡೆಸೆದ ಜಾನಿ ಪೋಡ್ರೆಸ್‌ನಿಗೆ ಸಲ್ಲಬೇಕೆಂದರು ಕೆಲವರು. ಅವನಿಗೆ ಆಗ ಕೇವಲ 23 ವರ್ಷ. ತಂಡ ಗಳಿಸಿದ ಎರಡು ಓಟಗಳಿಗೂ ಕಾರಣನಾದವನು ಗಿಲ್ ಹಾಡ್ಜಸ್ ಎಂದರು ಇನ್ನು ಕೆಲವರು. ಅಂಗಳದ ಅಂಚಿನವರೆಗೆ ಓಡಿ, ಕೈಚಾಚಿ, ಕೈಗೆಟುಕದಂತಿದ್ದ ಚೆಂಡನ್ನು ಹಿಡಿದ ಸ್ಯಾಂಡಿ ಅಮೊರೊಸ್‌ನನ್ನು ಮರೆಯಲಾದೀತೆ ಎಂಬುದು ಮತ್ತೆ ಕೆಲವರ ವಾದ. ಇವೆಲ್ಲವೂ ನಿಜವೇ. ಆದರೆ ಅಂದು ಕಾಲಿನ ನೋವಿನಿಂದ ಅಂಗಳಕ್ಕಿಳಿಯದೆ ಕುಳಿತಿದ್ದ ಆಟಗಾರನೊಬ್ಬನಿದ್ದನು. ಅವನನ್ನು ಬಿಟ್ಟು ಆ ಗೆಲುವಿನ ಕಥೆಯನ್ನು ಹೇಳುವುದು ಸಾಧ್ಯವಿಲ್ಲ. ಅವನೇ ಜಾಕಿ ರಾಬಿನ್‌ಸನ್.

ಜಾಕಿ ರಾಬಿನ್‌ಸನ್ 1919ನೆಯ ಇಸವಿ ಜನವರಿ 31ರಂದು ಅಮೆರಿಕದ ದಕ್ಷಿಣ ಭಾಗದ ಜಾರ್ಜಿಯ ರಾಜ್ಯದ ಕೈರೋ ಎಂಬ ಊರಿನ ಬಳಿ ಜನಿಸಿದನು. ಅವನ ಪೂರ್ವಿಕರು ಗುಲಾಮರಾಗಿದ್ದವರು. ತಂದೆ ತಾಯಿಗಳು ಬಿಳಿಯ ಒಡೆಯನ ಹೊಲದಲ್ಲಿ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಜಾಕಿ ಇನ್ನೂ ಕೈಗೂಸಾಗಿದ್ದಾಗಲೇ ತಂದೆ ಸಂಸಾರವನ್ನು ತೊರೆದು ಹೋದನು. ತಾಯಿ ಮ್ಯಾಲಿ ಎದೆಗೆಡಲಿಲ್ಲ. 1920ರಲ್ಲಿ ಆಕೆ ಐವರು ಮಕ್ಕಳನ್ನು ಕರೆದುಕೊಂಡು ರೈಲು ಹತ್ತಿ, ದೂರದ ಕ್ಯಾಲಿಫೋರ್ನಿಯ ರಾಜ್ಯದ ಪ್ಯಾಸಡೀನ ನಗರವನ್ನು ಸೇರಿದಳು. ಅಲ್ಲಿ ಶ್ರೀಮಂತರ ಮನೆಗಳಲ್ಲಿ ಕೆಲಸ ಮಾಡಿ ಮಕ್ಕಳನ್ನು ಸಾಕಿದಳು.

ಹೊಸ ಊರಿನಲ್ಲಿಯೂ ವರ್ಣಭೇದದ ಕಾಟ ತಪ್ಪಲಿಲ್ಲ. ನೆರೆಯ ಬಿಳಿಯರು ಈ ಕುಟುಂಬವನ್ನು ಬೀದಿಯಿಂದ ಹೊರಡಿಸಲು ಯತ್ನಿಸಿದರು. ಪುರಸಭೆಯ ಈಜುಕೊಳಕ್ಕೆ ಕರಿಯ ಮಕ್ಕಳಿಗೆ ವಾರದಲ್ಲಿ ಒಂದು ದಿನ ಮಾತ್ರ ಪ್ರವೇಶವಿತ್ತು. ಜಾಕಿಯ ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ ಕ್ರೀಡೆಗಳಲ್ಲಿ 200 ಮೀಟರ್ ಓಟದಲ್ಲಿ ಜೆಸ್ಸಿ ಓವೆನ್ಸ್‌ನ ಹಿಂದೆಯೇ ಗುರಿ ಮುಟ್ಟಿ ಬೆಳ್ಳಿಯ ಪದಕ ಗಳಿಸಿದನು. ದೇಶಕ್ಕೆ ಕೀರ್ತಿ ತಂದ ಆ ಓಟಗಾರನಿಗೆ ಊರಿಗೆ ಮರಳಿದ ಮೇಲೆ ದೊರೆತದ್ದು ಬೀದಿ ಗುಡಿಸುವ ಕೆಲಸ. ಇದು ತಮ್ಮನ ಮನಸ್ಸಿನಲ್ಲಿ ಅಳಿಯದ ಗಾಯವಾಗಿ ಉಳಿಯಿತು.

ಜಾಕಿಗೆ ಆಟವೆಂದರೆ ಉಸಿರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದಲ್ಲಿ ಅವನು ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮತ್ತು ಓಟ ಜಿಗಿತಗಳ ಸ್ಪರ್ಧೆ, ಈ ನಾಲ್ಕರಲ್ಲಿಯೂ ವಿಶ್ವವಿದ್ಯಾನಿಲಯದ ತಂಡಗಳಿಗೆ ಆಡಿ ಗೌರವ ಪಡೆದನು. ಆ ಸಂಸ್ಥೆಯಲ್ಲಿ ಅಂತಹ ಸಾಧನೆ ಮಾಡಿದವರಲ್ಲಿ ಅವನೇ ಮೊದಲಿಗ. ಮನೆಯ ಬಡತನದಿಂದಾಗಿ 1941ರಲ್ಲಿ ಪದವಿಯನ್ನು ಪಡೆಯದೆಯೇ ಅವನು ವಿದ್ಯಾಭ್ಯಾಸವನ್ನು ನಿಲ್ಲಿಸಿದನು.

ಎರಡನೆಯ ಮಹಾಯುದ್ಧದ ಸಮಯದಲ್ಲಿ, 1942ರಲ್ಲಿ, ರಾಬಿನ್‌ಸನ್ ಸೈನ್ಯಕ್ಕೆ ಸೇರಬೇಕಾಯಿತು. ಮರುವರ್ಷ ಅವನು ಸೆಕೆಂಡ್ ಲೆಫ್ಟಿನೆಂಟ್ ಆದನು. 1944ರ ಜುಲೈ ತಿಂಗಳಲ್ಲಿ ಟೆಕ್ಸಾಸ್ ರಾಜ್ಯದ ಸೈನಿಕ ಶಿಬಿರವೊಂದರಲ್ಲಿ ಅವನು ಬಸ್ಸಿನಲ್ಲಿ ಕುಳಿತಿದ್ದಾಗ, ಹಿಂದಿನ ಆಸನಕ್ಕೆ ಹೋಗುವಂತೆ ಚಾಲಕನು ಆಜ್ಞಾಪಿಸಿದನು. ರಾಬಿನ್‌ಸನ್ ಕದಲಲಿಲ್ಲ. ಇದರ ಫಲವಾಗಿ ಅವನು ಸೈನಿಕ ನ್ಯಾಯಾಲಯದ ವಿಚಾರಣೆಯನ್ನು ಎದುರಿಸಬೇಕಾಯಿತು. ನ್ಯಾಯಾಲಯವು ಅವನನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ಅನ್ಯಾಯಕ್ಕೆ ತಲೆಬಾಗುವುದು ಅವನ ಸ್ವಭಾವದಲ್ಲಿಯೇ ಇರಲಿಲ್ಲ. ಇಂತಹವನಿಗೆ ಮುಂದೆ ಬಂದ ಪರೀಕ್ಷೆಯು ತೀರ ವಿಚಿತ್ರವಾದುದು.

ಆ ಕಾಲದಲ್ಲಿ ಬೇಸ್‌ಬಾಲ್ ಅಮೆರಿಕದ ರಾಷ್ಟ್ರೀಯ ಕ್ರೀಡೆಯೆನಿಸಿತ್ತು. ಕ್ರಿಕೆಟ್ಟಿನಲ್ಲಿರುವಂತೆ ಇಲ್ಲಿಯೂ ಒಬ್ಬನು ಚೆಂಡನ್ನು ಎಸೆಯುತ್ತಾನೆ, ಇನ್ನೊಬ್ಬನು ದಾಂಡಿನಿಂದ ಹೊಡೆಯುತ್ತಾನೆ. ಅಂಗಳದಲ್ಲಿ ಚೌಕಾಕಾರವಾಗಿ, ಒಂದರಿಂದ ಒಂದಕ್ಕೆ 90 ಅಡಿಗಳ ಅಂತರದಲ್ಲಿ, ನಾಲ್ಕು ನೆಲೆಗಳಿರುತ್ತವೆ. ಚೆಂಡನ್ನು ಹೊಡೆದವನು ಮೂರು ನೆಲೆಗಳನ್ನು ದಾಟಿ, ಹೊರಟ ನೆಲೆಗೆ ಸುರಕ್ಷಿತವಾಗಿ ಮರಳಿದರೆ ತಂಡಕ್ಕೆ ಒಂದು ಓಟ ದೊರೆಯುತ್ತದೆ. ಈ ಆಟದ ಶ್ರೇಷ್ಠ ತಂಡಗಳಲ್ಲಿ ಸುಮಾರು ಅರುವತ್ತು ವರ್ಷಗಳಿಂದ ಒಬ್ಬ ಕರಿಯ ಆಟಗಾರನಿಗೂ ಸ್ಥಾನ ದೊರೆತಿರಲಿಲ್ಲ. ಇದಕ್ಕೆ ಬರೆದಿಟ್ಟ ನಿಯಮವೇನೂ ಇರಲಿಲ್ಲ. ಆದರೆ ಬರೆಯದ ಆ ಕಟ್ಟನ್ನು ಮೀರುವ ಧೈರ್ಯ ಯಾವ ತಂಡದ ಒಡೆಯನಿಗೂ ಇರಲಿಲ್ಲ. ಕರಿಯರು ತಮ್ಮದೇ ಆದ ಬೇರೆ ತಂಡಗಳಲ್ಲಿ ಆಡುತ್ತಿದ್ದರು. 1945ರಲ್ಲಿ ರಾಬಿನ್‌ಸನ್ ಅಂತಹ ತಂಡಗಳಲ್ಲೊಂದಾದ ಕ್ಯಾನ್ಸಾಸ್ ಸಿಟಿ ಮೊನಾರ್ಕ್ಸ್ ಪರವಾಗಿ ಆಡಿದನು.

ಡಾಡ್ಜರ್ಸ್ ತಂಡದ ಆಡಳಿತವನ್ನು ನಡೆಸುತ್ತಿದ್ದವನು ಬ್ರಾಂಚ್ ರಿಕಿ. ಈ ಅನ್ಯಾಯವನ್ನು ಮುರಿಯಲು ಅವನು ನಿಶ್ಚಯಿಸಿದ್ದನು. ಉತ್ತಮ ಆಟಗಾರರನ್ನು ತಂದು ತಂಡವನ್ನು ಬಲಪಡಿಸುವ ಆಸೆಯೂ ಅವನಲ್ಲಿತ್ತು. 1945ರ ಆಗಸ್ಟ್ 28ರಂದು ಅವನು ರಾಬಿನ್‌ಸನ್ನನನ್ನು ಕರೆಸಿ ಬಹಳ ಹೊತ್ತು ಮಾತನಾಡಿದನು. ಬೈಯುವ ಪ್ರೇಕ್ಷಕನಂತೆ, ಕೆಣಕುವ ಎದುರಾಳಿಯಂತೆ, ಊಟ ಕೊಡದ ಹೋಟೆಲಿನವನಂತೆ ತಾನೇ ಅಭಿನಯಿಸಿ ಅವನ ತಾಳ್ಮೆಯನ್ನು ಪರೀಕ್ಷಿಸಿದನು. ಎದುರು ಮಾತಾಡುವ ಕೆಚ್ಚಿಗಿಂತ, ಎದುರು ಮಾತಾಡದೆ ಇರುವ ಕೆಚ್ಚು ಈ ಕಾರ್ಯಕ್ಕೆ ಬೇಕೆಂದು ತಿಳಿಸಿದನು. ಕರಿಯ ಆಟಗಾರನೊಬ್ಬನು ಒಮ್ಮೆ ಕೈಯೆತ್ತಿದರೂ ಸಾಕು, ಬಾಗಿಲು ಮತ್ತೆ ಎಷ್ಟೋ ವರ್ಷಗಳವರೆಗೆ ಮುಚ್ಚಿಹೋಗುತ್ತಿತ್ತು. ಬಸ್ಸಿನಲ್ಲಿ ಆಸನ ಬಿಟ್ಟು ಏಳದಿದ್ದ ರಾಬಿನ್‌ಸನ್ ಈ ಕಠಿಣವಾದ ಕಟ್ಟಳೆಗೆ ಒಪ್ಪಿದನು. ತನ್ನೊಬ್ಬನ ಮಾನಕ್ಕಿಂತ ತನ್ನ ಜನಾಂಗದ ಭವಿಷ್ಯ ದೊಡ್ಡದೆಂದು ಅವನು ಅರಿತಿದ್ದನು.

1946ರ ಫೆಬ್ರವರಿಯಲ್ಲಿ ರಾಬಿನ್‌ಸನ್ ರೇಚಲ್ ಐಸಮ್ ಎಂಬಾಕೆಯನ್ನು ವಿವಾಹವಾದನು. ಮುಂದಿನ ಕಷ್ಟಗಳಲ್ಲೆಲ್ಲ ಆಕೆ ಅವನಿಗೆ ಬೆಂಬಲವಾಗಿ ನಿಂತಳು. ಆ ವರ್ಷ ಅವನು ಡಾಡ್ಜರ್ಸ್‌ನ ಅಧೀನ ತಂಡವಾಗಿದ್ದ ಕೆನಡ ದೇಶದ ಮಾಂಟ್ರಿಯಲ್ ತಂಡದಲ್ಲಿ ಆಡಿದನು. ಋತುವಿನ ಕೊನೆಯ ಸರಣಿಯಲ್ಲಿ ಲೂಯಿವಿಲ್ ನಗರದ ಪ್ರೇಕ್ಷಕರು ಅವನನ್ನು ಹೀನಾಯವಾಗಿ ಹಳಿದರು. ಸರಣಿಯು ಮಾಂಟ್ರಿಯಲ್‌ಗೆ ಬಂದಾಗ ಅಲ್ಲಿಯ ಜನರು ಲೂಯಿವಿಲ್ಲಿನ ಆಟಗಾರರನ್ನು ಕೂಗಿ ಹಳಿದು ಅದಕ್ಕೆ ಉತ್ತರವಿತ್ತರು. ಮಾಂಟ್ರಿಯಲ್ ಗೆದ್ದ ದಿನ ಅಭಿಮಾನಿಗಳು ಪ್ರೀತಿಯಿಂದ ರಾಬಿನ್‌ಸನ್ನನನ್ನು ಮುತ್ತಿ, ಬೀದಿಯಲ್ಲಿ ಅವನ ಬೆನ್ನಟ್ಟಿ ಓಡಿದರು. ಕರಿಯನೊಬ್ಬನನ್ನು ಜನರ ಗುಂಪು ಪ್ರೀತಿಗಾಗಿ ಬೆನ್ನಟ್ಟಿದ ಆ ದೃಶ್ಯ ನೋಡಿದವರ ಮನಸ್ಸಿನಲ್ಲಿ ನಿಂತಿತು.

1947ರ ಏಪ್ರಿಲ್ 15ರಂದು ರಾಬಿನ್‌ಸನ್ 42ನೆಯ ಸಂಖ್ಯೆಯ ಅಂಗಿ ಧರಿಸಿ ಬ್ರೂಕ್ಲಿನ್ನಿನ ಎಬೆಟ್ಸ್ ಕ್ರೀಡಾಂಗಣದಲ್ಲಿ ಮೊದಲ ಬಾರಿಗೆ ಡಾಡ್ಜರ್ಸ್ ಪರವಾಗಿ ಆಡಿದನು. ದೀರ್ಘಕಾಲ ಮುಚ್ಚಿದ್ದ ಬಾಗಿಲು ಅಂದು ತೆರೆಯಿತು. ಆದರೆ ಒಳಗೆ ಹೂವಿನ ಹಾಸಿಗೆಯಿರಲಿಲ್ಲ. ಅದಕ್ಕೆ ಮುಂಚೆಯೇ ಅವನ ತಂಡದ ಕೆಲವರು ಅವನೊಡನೆ ಆಡಲು ಇಷ್ಟವಿಲ್ಲವೆಂದು ಮನವಿ ಸಿದ್ಧಪಡಿಸಿದ್ದರು. ವರ್ಣಭೇದ ಬಲವಾಗಿದ್ದ ಕೆಂಟಕಿ ರಾಜ್ಯದಲ್ಲಿ ಬೆಳೆದ ಪೀ ವೀ ರೀಸ್ ಎಂಬ ಆಟಗಾರನು ಅದಕ್ಕೆ ಸಹಿ ಹಾಕಲು ನಿರಾಕರಿಸಿದನು. ಮುಂದೆ ಅವನು ರಾಬಿನ್‌ಸನ್ನನ ಆಪ್ತ ಮಿತ್ರನಾದನು. ಫಿಲಡೆಲ್ಫಿಯ ತಂಡದವರು ತಮ್ಮ ವ್ಯವಸ್ಥಾಪಕನ ಮುಂದಾಳುತನದಲ್ಲಿಯೇ ಅವನ ಮೇಲೆ ಬೈಗುಳದ ಮಳೆಗರೆದರು. ಎಸೆತಗಾರರು ಅವನ ಮೈಗೆ ಗುರಿಯಿಟ್ಟು ಚೆಂಡೆಸೆದರು. ಕೊಲೆಯ ಬೆದರಿಕೆಯ ಪತ್ರಗಳು ಬಂದವು. ಕೆಲವು ಊರುಗಳಲ್ಲಿ ತಂಡದವರೆಲ್ಲ ತಂಗುತ್ತಿದ್ದ ಹೋಟೆಲಿನಲ್ಲಿ ಅವನಿಗೆ ಎಡೆಯಿರಲಿಲ್ಲ. ರಾಬಿನ್‌ಸನ್ ಹಲ್ಲುಕಚ್ಚಿ ಎಲ್ಲವನ್ನೂ ಸಹಿಸಿದನು. ಅವನ ಮೌನವನ್ನು ಕಂಡು, ಮೊದಲು ದೂರವಿದ್ದ ಸಹ ಆಟಗಾರರೇ ಅವನ ಪರವಾಗಿ ನಿಂತು ಎದುರಾಳಿಗಳಿಗೆ ಮಾರುತ್ತರ ಕೊಡತೊಡಗಿದರು.

ಬಾಯಿಂದ ಕೊಡದ ಉತ್ತರವನ್ನು ಅವನು ಆಟದಿಂದ ಕೊಟ್ಟನು. ಎಸೆತಗಾರನ ಕಣ್ಣುತಪ್ಪಿಸಿ ಒಂದು ನೆಲೆಯಿಂದ ಮುಂದಿನ ನೆಲೆಗೆ ಓಡುವುದನ್ನು ನೆಲೆ ಕದಿಯುವುದೆಂದು ಆ ಆಟದಲ್ಲಿ ಕರೆಯುತ್ತಾರೆ. ಮೊದಲನೆಯ ವರ್ಷವೇ 29 ನೆಲೆಗಳನ್ನು ಕದ್ದು ಅವನು ತನ್ನ ಲೀಗಿನ ಎಲ್ಲರನ್ನೂ ಮೀರಿಸಿದನು. ವರ್ಷದ ಶ್ರೇಷ್ಠ ಹೊಸ ಆಟಗಾರನೆಂಬ ಪ್ರಶಸ್ತಿಯನ್ನು ಗಳಿಸಿದನು. ಆ ವರ್ಷ ಎಬೆಟ್ಸ್ ಕ್ರೀಡಾಂಗಣಕ್ಕೆ 18 ಲಕ್ಷ ಪ್ರೇಕ್ಷಕರು ಬಂದರು. ಕರಿಯರೂ ಬಿಳಿಯರೂ ಅಕ್ಕಪಕ್ಕದಲ್ಲಿ ಕುಳಿತು ಒಂದೇ ತಂಡಕ್ಕಾಗಿ ಕೂಗಿದರು. 1949ರಲ್ಲಿ ಅವನು 0.342 ಸರಾಸರಿಯಲ್ಲಿ ಹೊಡೆದು, 37 ನೆಲೆಗಳನ್ನು ಕದ್ದು, ಲೀಗಿನ ಅತ್ಯಮೂಲ್ಯ ಆಟಗಾರನೆನಿಸಿದನು. ಅಷ್ಟು ಹೊತ್ತಿಗೆ ಮೌನದ ಕಟ್ಟಳೆಯೂ ಮುಗಿದಿತ್ತು. ಅಲ್ಲಿಂದ ಮುಂದೆ ಅವನು ಅನ್ಯಾಯವನ್ನು ಕಂಡಾಗ ಬಾಯಿಬಿಟ್ಟು ಖಂಡಿಸಿದನು. ಮೌನವನ್ನು ಮೆಚ್ಚಿದ್ದ ಕೆಲವರಿಗೆ ಅವನ ಮಾತು ರುಚಿಸಲಿಲ್ಲ. ಅವನು ಅದನ್ನು ಲೆಕ್ಕಿಸಲಿಲ್ಲ.

ಹೀಗೆ 1955 ಬಂದಿತು. ರಾಬಿನ್‌ಸನ್ನನಿಗೆ 36 ವರ್ಷ ತುಂಬಿತ್ತು. ಮೈ ಭಾರವಾಗಿತ್ತು, ಕೂದಲು ನರೆತಿತ್ತು. ಅವನ ಹೊಡೆತದ ಸರಾಸರಿ 0.256ಕ್ಕೆ ಇಳಿದಿತ್ತು. ಸೆಪ್ಟೆಂಬರ್ 28ರಂದು ವಿಶ್ವಸರಣಿಯ ಮೊದಲನೆಯ ಪಂದ್ಯ. ಎಂಟನೆಯ ಸರದಿಯಲ್ಲಿ ಡಾಡ್ಜರ್ಸ್ ಎರಡು ಓಟಗಳಿಂದ ಹಿಂದಿತ್ತು. ಮೂರನೆಯ ನೆಲೆಯಲ್ಲಿ ನಿಂತಿದ್ದ ರಾಬಿನ್‌ಸನ್, ಎಸೆತಗಾರ ವೈಟಿ ಫೋರ್ಡ್ ಚೆಂಡೆಸೆಯಲು ಅಣಿಯಾಗುತ್ತಿದ್ದಂತೆಯೇ ಕೊನೆಯ ನೆಲೆಯ ಕಡೆಗೆ ಬಾಣದಂತೆ ನುಗ್ಗಿದನು. ಚೆಂಡು ಹಿಡಿಯುವ ಯೋಗಿ ಬೆರಾ ಚೆಂಡನ್ನು ಅವನಿಗೆ ತಾಗಿಸುವ ಮೊದಲೇ ಅವನ ಕಾಲು ನೆಲೆಯನ್ನು ಮುಟ್ಟಿತೆಂದು ತೀರ್ಪುಗಾರನು ಸಾರಿದನು. ಬೆರಾ ಕೋಪದಿಂದ ಕುಣಿದಾಡಿದನು. ಬಾಳಿನ ಕೊನೆಯವರೆಗೂ ಆ ತೀರ್ಪನ್ನು ಅವನು ಒಪ್ಪಲಿಲ್ಲ.

ಆ ಪಂದ್ಯವನ್ನು ಡಾಡ್ಜರ್ಸ್ 6-5ರಿಂದ ಸೋತಿತು. ಎರಡು ಓಟಗಳಿಂದ ಹಿಂದಿರುವಾಗ ಒಂದು ಓಟಕ್ಕಾಗಿ ಅಂತಹ ಅಪಾಯವನ್ನು ಮೈಮೇಲೆ ತಂದುಕೊಳ್ಳುವುದು ಜಾಣತನವಲ್ಲವೆಂದು ಟೀಕಿಸಿದವರುಂಟು. ಯಾಂಕೀಸರ ಹೆಸರು ಕೇಳಿದೊಡನೆ ಕುಗ್ಗುತ್ತಿದ್ದ ತಂಡಕ್ಕೆ ಆ ಓಟವು ಧೈರ್ಯ ತುಂಬಿತೆಂದು ಹೇಳಿದವರೂ ಉಂಟು. ಎರಡನೆಯ ಪಂದ್ಯದಲ್ಲಿಯೂ ತಂಡ ಸೋತಿತು. ಅನಂತರ ಎಬೆಟ್ಸ್ ಅಂಗಳದಲ್ಲಿ ಒಂದರ ಮೇಲೊಂದರಂತೆ ಮೂರು ಪಂದ್ಯಗಳನ್ನು ಗೆದ್ದಿತು. ಆರನೆಯದು ಯಾಂಕೀಸರ ಪಾಲಾಯಿತು. ಏಳನೆಯ ಪಂದ್ಯದಲ್ಲಿ 2-0ರ ಜಯ ಡಾಡ್ಜರ್ಸ್‌ಗೆ ಒಲಿಯಿತು.

ಆ ಕೊನೆಯ ದಿನ ರಾಬಿನ್‌ಸನ್ ಆಡಲಿಲ್ಲ. ಆದರೆ ಆಡಿದವರು ಯಾರು? ಮೊದಲನೆಯ ಓಟವನ್ನು ಗಳಿಸಿದ ರಾಯ್ ಕ್ಯಾಂಪನೆಲ್ಲ ಕರಿಯನು. ಎರಡನೆಯ ನೆಲೆಯನ್ನು ಕಾಯುತ್ತಿದ್ದ ಜಿಮ್ ಗಿಲಿಯಂ ಕರಿಯನು. ಆ ಅಪೂರ್ವವಾದ ಹಿಡಿತದಿಂದ ಪಂದ್ಯವನ್ನು ಉಳಿಸಿದ ಅಮೊರೊಸ್, ಕ್ಯೂಬ ದೇಶದಿಂದ ಬಂದ ಕರಿಯನು. ಎಂಟು ವರ್ಷಗಳ ಹಿಂದೆ ಒಬ್ಬನು ತುಟಿ ಬಿಗಿಹಿಡಿದು ಅವಮಾನವನ್ನು ನುಂಗದಿದ್ದರೆ ಇವರಲ್ಲಿ ಒಬ್ಬರೂ ಆ ಅಂಗಳದಲ್ಲಿ ಇರುತ್ತಿರಲಿಲ್ಲವೇನೋ! ಆ ಸರಣಿಯಲ್ಲಿ ರಾಬಿನ್‌ಸನ್ನನ ಹೊಡೆತದ ಅಂಕಿಗಳು ಹೇಳಿಕೊಳ್ಳುವಂತಿರಲಿಲ್ಲ. ಆದರೆ ಗೆಲುವಿನಲ್ಲಿ ಅವನ ಪಾಲೆಷ್ಟು ಎಂಬುದನ್ನು ಅಂಕಿಗಳಿಂದ ಮಾತ್ರ ಅಳೆಯಲಾಗದು.

1957ರ ಆರಂಭದಲ್ಲಿ ರಾಬಿನ್‌ಸನ್ ಆಟದಿಂದ ನಿವೃತ್ತನಾದನು. ಹತ್ತು ಋತುಗಳಲ್ಲಿ ಅವನ ಹೊಡೆತದ ಸರಾಸರಿ 0.311. 1962ರಲ್ಲಿ ಬೇಸ್‌ಬಾಲಿನ ಕೀರ್ತಿಶಾಲೆಗೆ ಅವನು ಆಯ್ಕೆಯಾದನು. ಆ ಗೌರವ ಪಡೆದ ಕರಿಯರಲ್ಲಿ ಅವನೇ ಮೊದಲಿಗನು. ಆಟ ಮುಗಿದರೂ ಹೋರಾಟ ಮುಗಿಯಲಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಮೊದಲಾದವರು ನಡೆಸುತ್ತಿದ್ದ ಪೌರಹಕ್ಕುಗಳ ಚಳವಳಿಗೆ ಅವನು ನೆರವಾದನು. 1963ರ ವಾಷಿಂಗ್ಟನ್ ಮೆರವಣಿಗೆಯಲ್ಲಿ ಮಕ್ಕಳೊಡನೆ ಭಾಗವಹಿಸಿದನು. ಕರಿಯರಿಗೆ ಸಾಲ ದೊರೆಯುವಂತಾಗಲೆಂದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬ್ಯಾಂಕೊಂದನ್ನು ಸ್ಥಾಪಿಸುವುದರಲ್ಲಿ ಪಾಲುಗೊಂಡನು.

ಸಕ್ಕರೆ ರೋಗವು ಅವನ ದೇಹವನ್ನು ಸವೆಸಿತು. ಕಣ್ಣುಗಳ ದೃಷ್ಟಿ ಮಸುಕಾಯಿತು. 1972ರ ಅಕ್ಟೋಬರ್ 15ರಂದು ವಿಶ್ವಸರಣಿಯ ಸಂದರ್ಭದಲ್ಲಿ ಸಿನ್ಸಿನಾಟಿಯಲ್ಲಿ ಅವನನ್ನು ಸನ್ಮಾನಿಸಲಾಯಿತು. ಧನ್ಯವಾದ ಹೇಳಿ ಸುಮ್ಮನಾಗದೆ, ತಂಡದ ವ್ಯವಸ್ಥಾಪಕನ ಸ್ಥಾನದಲ್ಲಿಯೂ ಒಬ್ಬ ಕರಿಯನನ್ನು ಕಾಣುವ ಆಸೆಯನ್ನು ಅವನು ಅಲ್ಲಿ ವ್ಯಕ್ತಪಡಿಸಿದನು. ಒಂಬತ್ತು ದಿನಗಳ ಅನಂತರ, ಅಕ್ಟೋಬರ್ 24ರಂದು, ತನ್ನ 53ನೆಯ ವಯಸ್ಸಿನಲ್ಲಿ ನಿಧನ ಹೊಂದಿದನು. ಅವನ ಆಸೆ 1975ರಲ್ಲಿ ಕೈಗೂಡಿತು. ಆ ವರ್ಷ ಫ್ರಾಂಕ್ ರಾಬಿನ್‌ಸನ್ ಎಂಬ ಕರಿಯ ಆಟಗಾರನು ಕ್ಲೀವ್‌ಲೆಂಡ್ ತಂಡದ ವ್ಯವಸ್ಥಾಪಕನಾಗಿ ಅಂಗಳಕ್ಕಿಳಿದನು.

ಬ್ರೂಕ್ಲಿನ್ನಿನ ತಂಡವು 1957ರ ಋತುವಿನ ಅನಂತರ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ಎಬೆಟ್ಸ್ ಕ್ರೀಡಾಂಗಣವನ್ನು 1960ರಲ್ಲಿ ಕೆಡವಲಾಯಿತು. ಆದರೆ 42 ಎಂಬ ಸಂಖ್ಯೆ ಉಳಿದಿದೆ. 1997ರಲ್ಲಿ, ಆ ಬಾಗಿಲು ತೆರೆದ ಐವತ್ತನೆಯ ವರ್ಷದಲ್ಲಿ, ಆ ಸಂಖ್ಯೆಯ ಅಂಗಿಯನ್ನು ಇನ್ನು ಯಾವ ತಂಡದಲ್ಲಿಯೂ ಹೊಸಬರಿಗೆ ಕೊಡಬಾರದೆಂದು ನಿರ್ಧರಿಸಲಾಯಿತು. ವರ್ಷಕ್ಕೊಮ್ಮೆ ಏಪ್ರಿಲ್ 15ರಂದು ಮಾತ್ರ ಎಲ್ಲ ತಂಡಗಳ ಆಟಗಾರರೂ ಅದೇ ಸಂಖ್ಯೆಯನ್ನು ಧರಿಸಿ ಆಡುತ್ತಾರೆ. ಒಂದು ಕಾಲದಲ್ಲಿ ಒಬ್ಬನೇ ಹೊತ್ತ ಭಾರವನ್ನು ಆ ದಿನ ಎಲ್ಲರೂ ಬೆನ್ನ ಮೇಲೆ ಹೊತ್ತು ನೆನೆಯುತ್ತಾರೆ.