ವಿಲಿಯಂ ಒರ್ಲ್ಯಾಂಡೊ ಡಾರ್ಬಿ

ವಿಲಿಯಂ ಒರ್ಲ್ಯಾಂಡೊ ಡಾರ್ಬಿ (8 ಫೆಬ್ರವರಿ 1911 – 30 ಏಪ್ರಿಲ್ 1945) ಅಮೆರಿಕ ಸಂಯುಕ್ತ ಸಂಸ್ಥಾನದ ಭೂಸೇನೆಯ ಅಧಿಕಾರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಸೇನೆಯ ಮೊದಲ ರೇಂಜರ್ ಬೆಟಾಲಿಯನ್ನನ್ನು ಕಟ್ಟಿ, ಸಜ್ಜುಗೊಳಿಸಿ, ಉತ್ತರ ಆಫ್ರಿಕಾ, ಸಿಸಿಲಿ ಮತ್ತು ಇಟಲಿಯ ರಣರಂಗಗಳಲ್ಲಿ ಮುನ್ನಡೆಸಿದವರು ಇವರು. ಸ್ವಯಂಸೇವಕರಾಗಿ ಮುಂದೆ ಬಂದ ಸಾಮಾನ್ಯ ಸೈನಿಕರಲ್ಲಿ ಯೋಗ್ಯರನ್ನು ಆರಿಸುವುದು, ಕಠಿಣ ತರಬೇತಿಯ ಮೂಲಕ ಅವರ ದೇಹವನ್ನೂ ಮನಸ್ಸನ್ನೂ ಯುದ್ಧಕ್ಕೆ ಅಣಿಗೊಳಿಸುವುದು ಡಾರ್ಬಿಯವರ ಮುಖ್ಯ ಸಾಧನೆ ಎಂದು ಸೇನಾ ಇತಿಹಾಸದಲ್ಲಿ ಪರಿಗಣಿಸಲಾಗಿದೆ. ಅವರ ಪಡೆ ಡಾರ್ಬಿಯ ರೇಂಜರ್‌ಗಳು ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಆರಂಭಿಕ ಜೀವನ

ಡಾರ್ಬಿಯವರು ಅರ್ಕಾನ್ಸಾ ರಾಜ್ಯದ ಫೋರ್ಟ್ ಸ್ಮಿತ್ ಪಟ್ಟಣದಲ್ಲಿ ಜನಿಸಿದರು. ಅವರ ತಂದೆ ಅದೇ ಪಟ್ಟಣದಲ್ಲಿ ಮುದ್ರಣಾಲಯವನ್ನು ನಡೆಸುತ್ತಿದ್ದರು. ಬಾಲ್ಯದಲ್ಲಿ ಡಾರ್ಬಿಯವರು ಸ್ಕೌಟ್ ಆಗಿದ್ದರು. ಪಟ್ಟಣದಲ್ಲೇ ಶಾಲಾ ಶಿಕ್ಷಣವನ್ನು ಮುಗಿಸಿ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯನ್ನು ಸೇರಿ, 1933ರಲ್ಲಿ ಪದವಿ ಪಡೆದು ಫಿರಂಗಿದಳದ ಅಧಿಕಾರಿಯಾಗಿ ನೇಮಕಗೊಂಡರು.

ಅವರ ಮೊದಲ ನೇಮಕ ಟೆಕ್ಸಾಸಿನ ಫೋರ್ಟ್ ಬ್ಲಿಸ್‌ನಲ್ಲಿದ್ದ 82ನೆಯ ಫೀಲ್ಡ್ ಆರ್ಟಿಲರಿಗೆ. ಫಿರಂಗಿಗಳನ್ನು ಆಗಲೂ ಕುದುರೆಗಳಿಂದ ಎಳೆಯಿಸುತ್ತಿದ್ದ ಘಟಕವದು. ಮುಂದೆ ಓಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿರುವ ಫಿರಂಗಿದಳ ಶಾಲೆಯಲ್ಲಿ ಹೆಚ್ಚಿನ ಶಿಕ್ಷಣ ಪಡೆದು, 1940ರಲ್ಲಿ ಕ್ಯಾಪ್ಟನ್ ಹುದ್ದೆಗೆ ಏರಿದರು. ಹಡಗುಗಳಿಂದ ತೀರಕ್ಕೆ ಸೈನ್ಯವನ್ನು ಇಳಿಸುವ ಅಭ್ಯಾಸಗಳಲ್ಲಿ ಪಾಲ್ಗೊಂಡ ಅನುಭವವು ಅವರಿಗೆ ಮುಂದೆ ಉಪಯುಕ್ತವಾಯಿತು.

ರೇಂಜರ್ ಬೆಟಾಲಿಯನ್ನಿನ ಹುಟ್ಟು

1942ರ ಜನವರಿಯಲ್ಲಿ ಅಮೆರಿಕದ 34ನೆಯ ಕಾಲಾಳು ಡಿವಿಜನ್ ಉತ್ತರ ಐರ್ಲೆಂಡಿಗೆ ಬಂದಿಳಿಯಿತು. ಡಾರ್ಬಿಯವರು ಅದರ ದಂಡನಾಯಕ ಮೇಜರ್ ಜನರಲ್ ರಸೆಲ್ ಹಾರ್ಟಲ್ ಅವರ ಆಪ್ತ ಸಹಾಯಕ ಅಧಿಕಾರಿಯಾಗಿದ್ದರು. ಕಚೇರಿಯ ಈ ಕೆಲಸ ಅವರಿಗೆ ಒಗ್ಗಿರಲಿಲ್ಲ. ಸೈನಿಕರ ನಡುವೆ ಇರುವ ಹೊಣೆಯನ್ನು ಅವರು ಬಯಸುತ್ತಿದ್ದರು.

ಆ ವೇಳೆಗೆ ಬ್ರಿಟನ್ನಿನ ಕಮಾಂಡೊ ಪಡೆಗಳು ಶತ್ರುವಿನ ವಶದಲ್ಲಿದ್ದ ಕರಾವಳಿಯ ಮೇಲೆ ಹಠಾತ್ ದಾಳಿಗಳನ್ನು ನಡೆಸುತ್ತಿದ್ದವು. ಈ ದಾಳಿಗಳ ಮೇಲ್ವಿಚಾರಣೆಯನ್ನು ನೋಡಿಕೊಳ್ಳುತ್ತಿದ್ದವರು, ಮುಂದೆ ಭಾರತದ ಕೊನೆಯ ವೈಸರಾಯ್ ಆದ ಲೂಯಿ ಮೌಂಟ್‌ಬ್ಯಾಟನ್. ಅವರ ಕಚೇರಿಯಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದ ಲೂಸಿಯನ್ ಟ್ರಸ್ಕಾಟ್, ತಮ್ಮ ಸೇನೆಯಲ್ಲೂ ಇಂತಹ ಒಂದು ಘಟಕ ಇರಬೇಕೆಂದು ಸೂಚಿಸಿದರು. ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಇದಕ್ಕೆ ಒಪ್ಪಿಗೆ ನೀಡಿದರು. ಕಮಾಂಡೊ ಎಂಬ ಹೆಸರು ಬ್ರಿಟಿಷರಿಗೆ ಸೇರಿದ್ದರಿಂದ, ವಸಾಹತು ಕಾಲದ ಅಮೆರಿಕದಲ್ಲಿ ಕಾಡುಗಳಲ್ಲಿ ಹೋರಾಡುತ್ತಿದ್ದ ಪಡೆಗಳ ನೆನಪಿಗಾಗಿ ರೇಂಜರ್ ಎಂಬ ಹೆಸರನ್ನು ಆರಿಸಲಾಯಿತು. ಹೊಸ ಘಟಕವನ್ನು ಕಟ್ಟುವ ಹೊಣೆ ಹಾರ್ಟಲ್ ಅವರ ಶಿಫಾರಸಿನ ಮೇರೆಗೆ 31 ವರ್ಷದ ಡಾರ್ಬಿಯವರ ಪಾಲಿಗೆ ಬಂದಿತು. 1942ರ ಜೂನ್ 19ರಂದು ಉತ್ತರ ಐರ್ಲೆಂಡಿನ ಕ್ಯಾರಿಕ್‌ಫರ್ಗಸ್‌ನಲ್ಲಿ 1ನೆಯ ರೇಂಜರ್ ಬೆಟಾಲಿಯನ್ ವಿಧ್ಯುಕ್ತವಾಗಿ ಅಸ್ತಿತ್ವಕ್ಕೆ ಬಂದಿತು.

ಆಯ್ಕೆಯ ವಿಧಾನ

ಹೊಸ ಪಡೆಗೆ ಯಾರನ್ನೂ ಬಲವಂತವಾಗಿ ಸೇರಿಸಲಿಲ್ಲ. ಉತ್ತರ ಐರ್ಲೆಂಡಿನಲ್ಲಿದ್ದ ಅಮೆರಿಕದ ಘಟಕಗಳಿಗೆ ಸುತ್ತೋಲೆ ಹೊರಟಾಗ ಸುಮಾರು 2000 ಮಂದಿ ಸ್ವಯಂಪ್ರೇರಣೆಯಿಂದ ಮುಂದೆ ಬಂದರು. ಇವರಲ್ಲಿ ಹೆಚ್ಚಿನವರು 34ನೆಯ ಕಾಲಾಳು ಡಿವಿಜನ್ನಿಗೂ 1ನೆಯ ಕವಚ ಡಿವಿಜನ್ನಿಗೂ ಸೇರಿದವರು. ಡಾರ್ಬಿಯವರು ಮೊದಲು ಅಧಿಕಾರಿಗಳನ್ನು ತಾವೇ ಸಂದರ್ಶಿಸಿ ಆರಿಸಿಕೊಂಡರು. ಬಳಿಕ ಆ ಅಧಿಕಾರಿಗಳು ಸಣ್ಣ ತಂಡಗಳಾಗಿ ಹೋಗಿ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಿದರು.

ಅಭ್ಯರ್ಥಿಗಳು ಮೂಲ ಸೈನಿಕ ಶಿಕ್ಷಣವನ್ನು ಮುಗಿಸಿರಬೇಕು, ಆಟೋಟಗಳಿಗೆ ಒಗ್ಗುವ ಶರೀರ ಮತ್ತು ದೀರ್ಘಕಾಲ ದಣಿಯದ ತ್ರಾಣ ಹೊಂದಿರಬೇಕು, ದೈಹಿಕ ದೋಷಗಳಿಂದ ಮುಕ್ತರಾಗಿರಬೇಕು ಎಂಬುದು ಮೊದಲ ನಿಯಮವಾಗಿತ್ತು. ಅಧಿಕಾರಿಗಳಲ್ಲಿ ಸ್ವಂತ ಬುದ್ಧಿಯಿಂದ ಮುಂದಾಗುವ ಗುಣ, ತೀರ್ಮಾನಶಕ್ತಿ ಮತ್ತು ಸಾಮಾನ್ಯ ಜ್ಞಾನವನ್ನು ವಿಶೇಷವಾಗಿ ಅಪೇಕ್ಷಿಸಲಾಗಿತ್ತು. ಬೆಟ್ಟ ಹತ್ತುವುದು, ದೋಣಿ ನಡೆಸುವುದು, ಸ್ಫೋಟಕಗಳ ಬಳಕೆ ಮುಂತಾದ ಕೌಶಲಗಳು ತಿಳಿದವರಿಗೆ ಆದ್ಯತೆಯಿತ್ತು. ಬಡಾಯಿ ಕೊಚ್ಚುವವರನ್ನೂ ಕೇವಲ ರೋಮಾಂಚನಕ್ಕಾಗಿ ಬಂದವರನ್ನೂ ಸಂದರ್ಶನದ ಹಂತದಲ್ಲೇ ಕೈಬಿಡಲು ಡಾರ್ಬಿಯವರು ಪ್ರಯತ್ನಿಸಿದರು. ಅಪಾಯವನ್ನು ಬಯಸುವವನಿಗಿಂತ ಅಪಾಯದ ನಡುವೆ ನೆಲೆತಪ್ಪದೆ ಕೆಲಸ ಮುಗಿಸುವವನು ಹೆಚ್ಚು ಉಪಯುಕ್ತ ಎಂಬುದು ಈ ಆಯ್ಕೆಯ ಹಿಂದಿನ ತಿಳಿವಳಿಕೆಯಾಗಿತ್ತು.

ಬೆಟಾಲಿಯನ್ನಿಗೆ ಮಂಜೂರಾಗಿದ್ದ ಬಲ 26 ಅಧಿಕಾರಿಗಳು ಮತ್ತು 447 ಸೈನಿಕರು. ತರಬೇತಿಯಲ್ಲಿ ಹಲವರು ಹಿಂದೆ ಬೀಳುವುದು ಖಚಿತವಿದ್ದುದರಿಂದ ಡಾರ್ಬಿಯವರು ಅಗತ್ಯಕ್ಕಿಂತ ಹೆಚ್ಚು ಮಂದಿಯನ್ನು ತೆಗೆದುಕೊಂಡಿದ್ದರು. ಸಂದರ್ಶನದಲ್ಲಿ ತೇರ್ಗಡೆಯಾಗುವುದು ಆಯ್ಕೆಯ ಆರಂಭ ಮಾತ್ರವಾಗಿತ್ತು. ತರಬೇತಿಯ ಗುಣಮಟ್ಟವನ್ನು ಮುಟ್ಟಲಾಗದವರನ್ನು ಅವರ ಹಳೆಯ ಘಟಕಗಳಿಗೆ ಹಿಂದಕ್ಕೆ ಕಳುಹಿಸಲಾಗುತ್ತಿತ್ತು.

ಅಕ್ನಾಕ್ಯಾರಿ ತರಬೇತಿ

ಕ್ಯಾರಿಕ್‌ಫರ್ಗಸ್‌ನಲ್ಲಿ ನಡಿಗೆ ಮತ್ತು ವ್ಯಾಯಾಮಗಳ ಮೂಲಕ ಪೂರ್ವಸಿದ್ಧತೆ ನಡೆಸಿದ ಬಳಿಕ, ಬೆಟಾಲಿಯನ್ 1942ರ ಜುಲೈ ಆರಂಭದಲ್ಲಿ ಸ್ಕಾಟ್ಲೆಂಡಿನ ಮಲೆನಾಡಿನಲ್ಲಿರುವ ಅಕ್ನಾಕ್ಯಾರಿಗೆ ತೆರಳಿತು. ಕ್ಯಾಮರನ್ ಮನೆತನಕ್ಕೆ ಸೇರಿದ ಅಲ್ಲಿಯ ಕೋಟೆಮನೆಯಲ್ಲಿ ಬ್ರಿಟಿಷ್ ಕಮಾಂಡೊಗಳ ತರಬೇತಿ ಕೇಂದ್ರವಿತ್ತು. ಲೆಫ್ಟಿನೆಂಟ್ ಕರ್ನಲ್ ಚಾರ್ಲ್ಸ್ ವಾನ್ ಅದರ ಮುಖ್ಯಸ್ಥರಾಗಿದ್ದರು. ಸ್ಪೀನ್ ಬ್ರಿಡ್ಜ್ ರೈಲು ನಿಲ್ದಾಣದಲ್ಲಿ ಇಳಿದ ಶಿಕ್ಷಾರ್ಥಿಗಳು ಅಲ್ಲಿಂದ ಸುಮಾರು ಏಳು ಮೈಲಿ ದೂರದ ಕೇಂದ್ರಕ್ಕೆ ಹೊರೆಹೊತ್ತು ನಡೆದೇ ಹೋಗಬೇಕಾಗಿತ್ತು. ದ್ವಾರದ ಬಳಿ ಸಾಲಾಗಿ ಹುಸಿ ಸಮಾಧಿಗಳನ್ನು ಮಾಡಿ, ಯಾವ ತಪ್ಪಿನಿಂದ ಆ ಸೈನಿಕ ಸತ್ತನೆಂದು ಫಲಕಗಳಲ್ಲಿ ಬರೆಯಲಾಗಿತ್ತು. ಅಜಾಗರೂಕತೆಯ ಬೆಲೆಯನ್ನು ಮೊದಲ ದಿನವೇ ಮನಗಾಣಿಸುವುದು ಇದರ ಉದ್ದೇಶ.

ದೈಹಿಕ ಸಿದ್ಧತೆಯ ತಿರುಳು ವೇಗದ ನಡಿಗೆಯಾಗಿತ್ತು. ಪೂರ್ಣ ಶಸ್ತ್ರ ಸಾಮಗ್ರಿಗಳೊಂದಿಗೆ ನಡಿಗೆ ಮತ್ತು ಓಟವನ್ನು ಬೆರೆಸಿ, ಏಳು ಮೈಲಿ (ಸುಮಾರು 11 ಕಿ.ಮೀ.) ದೂರವನ್ನು 70 ನಿಮಿಷಗಳಲ್ಲಿ ಕ್ರಮಿಸುವುದು ಕಮಾಂಡೊಗಳ ಮಾನದಂಡಗಳಲ್ಲಿ ಒಂದು. ದೂರವನ್ನು ಹಂತಹಂತವಾಗಿ ಹೆಚ್ಚಿಸಲಾಗುತ್ತಿತ್ತು. ಇದರೊಂದಿಗೆ ಬಂಡೆ ಹತ್ತುವುದು, ಹಗ್ಗದ ಮೇಲೆ ಆರ್ಕೇಗ್ ನದಿಯನ್ನು ದಾಟುವುದು, ಅಡೆತಡೆಗಳ ಓಟ, ಬರಿಗೈ ಹೋರಾಟ, ರಾತ್ರಿಯಲ್ಲಿ ನಕ್ಷೆ ಮತ್ತು ದಿಕ್ಸೂಚಿಯ ನೆರವಿನಿಂದ ದಾರಿ ಹುಡುಕುವುದು ದಿನಚರಿಯ ಭಾಗವಾಗಿದ್ದವು. ಬಿಡದೆ ಸುರಿಯುವ ಮಳೆ, ಚಳಿ, ಒದ್ದೆ ಬಟ್ಟೆ ಮತ್ತು ಅಮೆರಿಕನ್ನರಿಗೆ ರುಚಿಸದ ಬ್ರಿಟಿಷ್ ಪಡಿತರ ಇವುಗಳ ನಡುವೆಯೇ ಎಲ್ಲವೂ ನಡೆಯುತ್ತಿತ್ತು.

ಮಾನಸಿಕ ಸಿದ್ಧತೆಗೆ ಪ್ರತ್ಯೇಕ ಪಾಠಗಳಿರಲಿಲ್ಲ. ಅದು ಅಭ್ಯಾಸದ ರೀತಿಯಲ್ಲೇ ಅಡಗಿತ್ತು. ದೋಣಿಗಳಲ್ಲಿ ಸರೋವರವನ್ನು ದಾಟಿ ದಡಕ್ಕೆ ಇಳಿಯುವಾಗ ಶಿಕ್ಷಕರು ಸಮೀಪದಲ್ಲೇ ನಿಜವಾದ ಗುಂಡುಗಳನ್ನು ಹಾರಿಸುತ್ತಿದ್ದರು, ಸ್ಫೋಟಕಗಳನ್ನು ಸಿಡಿಸುತ್ತಿದ್ದರು. ಮೊದಲ ಕದನದಲ್ಲಿ ಸೈನಿಕನನ್ನು ಕಂಗೆಡಿಸುವ ಸದ್ದು ಮತ್ತು ಗೊಂದಲಗಳು ಹೀಗೆ ಮುಂಚಿತವಾಗಿಯೇ ಪರಿಚಿತವಾದವು. ಇಬ್ಬಿಬ್ಬರು ಸೈನಿಕರನ್ನು ಜೋಡಿಯಾಗಿಸುವ ಕ್ರಮ ಮತ್ತೊಂದು ವಿಶೇಷ. ಒಬ್ಬನು ಮುನ್ನುಗ್ಗುವಾಗ ಮತ್ತೊಬ್ಬನು ಅವನಿಗೆ ಗುಂಡಿನ ರಕ್ಷಣೆ ನೀಡಬೇಕು. ದಣಿದವನಿಗೆ ತನ್ನ ಜೊತೆಗಾರನನ್ನು ಕೈಬಿಡಬಾರದೆಂಬ ಕರ್ತವ್ಯಪ್ರಜ್ಞೆಯೇ ಆಧಾರವಾಗುತ್ತಿತ್ತು. ಡಾರ್ಬಿಯವರು ಸೈನಿಕರೊಂದಿಗೆ ತಾವೂ ನಡೆಯುತ್ತಿದ್ದರು, ಅವರು ಉಣ್ಣುವುದನ್ನೇ ಉಣ್ಣುತ್ತಿದ್ದರು. ಅಧಿಕಾರಿಗಳು ಪ್ರತಿಯೊಂದು ಅಭ್ಯಾಸವನ್ನೂ ಸೈನಿಕರ ಮುಂದೆ ನಿಂತು ಮಾಡಿ ತೋರಿಸಬೇಕೆಂಬುದು ಅವರ ನಿಯಮವಾಗಿತ್ತು.

ಆ ಬಳಿಕ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ನೌಕಾದಳದೊಂದಿಗೆ ತೀರಕ್ಕಿಳಿಯುವ ಅಭ್ಯಾಸವೂ, ಡಂಡೀ ನಗರದಲ್ಲಿ ಕರಾವಳಿ ಕೋಟೆಗಳ ಮೇಲಿನ ದಾಳಿಯ ಅಭ್ಯಾಸವೂ ನಡೆದವು. ಡಂಡೀಯಲ್ಲಿ ಸೈನಿಕರು ನಾಗರಿಕರ ಮನೆಗಳಲ್ಲಿ ತಂಗಿದ್ದರು. ಈ ಮಧ್ಯೆ 1942ರ ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಮೇಲೆ ನಡೆದ ದಾಳಿಯಲ್ಲಿ ಬೆಟಾಲಿಯನ್ನಿನ 50 ಮಂದಿ ಭಾಗವಹಿಸಿದರು.

ಉತ್ತರ ಆಫ್ರಿಕಾ

1942ರ ನವೆಂಬರ್ 8ರ ನಸುಕಿನಲ್ಲಿ ಬೆಟಾಲಿಯನ್ ಅಲ್ಜೀರಿಯದ ಆರ್ಜ್ಯೂ ಬಂದರಿನಲ್ಲಿ ಇಳಿಯಿತು. ಬಂದರನ್ನು ಕಾಯುತ್ತಿದ್ದ ಎರಡು ಫಿರಂಗಿ ನೆಲೆಗಳಲ್ಲಿ ಒಂದನ್ನು ಉಪನಾಯಕ ಹರ್ಮನ್ ಡ್ಯಾಮರ್ ಅವರ ತಂಡವೂ, ಬೆಟ್ಟದ ಮೇಲಿನ ಇನ್ನೊಂದನ್ನು ಡಾರ್ಬಿಯವರೇ ಮುನ್ನಡೆಸಿದ ತಂಡವೂ ವಶಪಡಿಸಿಕೊಂಡವು. 1943ರ ಫೆಬ್ರವರಿಯಲ್ಲಿ ಟುನೀಸಿಯದ ಸೆನೆಡ್ ಬಳಿ ಇಟಲಿಯ ನೆಲೆಯೊಂದರ ಮೇಲೆ ರಾತ್ರಿ ದಾಳಿ ನಡೆಯಿತು.

ಅಕ್ನಾಕ್ಯಾರಿಯ ಅಭ್ಯಾಸದ ಫಲ ಹೆಚ್ಚು ಸ್ಪಷ್ಟವಾಗಿ ಕಂಡದ್ದು ಮಾರ್ಚ್ ತಿಂಗಳಿನಲ್ಲಿ, ಎಲ್ ಗೆತ್ತಾರ್ ಕದನದಲ್ಲಿ. ಜೆಬೆಲ್ ಎಲ್ ಅಂಕ್ ಕಣಿವೆಯನ್ನು ಇಟಲಿಯ ಪಡೆಗಳು ಬಲವಾಗಿ ಹಿಡಿದಿದ್ದವು. ರೇಂಜರ್‌ಗಳು ರಾತ್ರಿಯಿಡೀ ದುರ್ಗಮ ಬೆಟ್ಟಗಳಲ್ಲಿ ಸದ್ದಿಲ್ಲದೆ ನಡೆದು, ಬೆಳಗಿನ ಜಾವ ಶತ್ರುವಿನ ಹಿಂಬದಿಯ ಎತ್ತರದಿಂದ ಎರಗಿದರು. ಕಣಿವೆ ತೆರೆಯಿತು. ಈ ಕದನಕ್ಕಾಗಿ ಬೆಟಾಲಿಯನ್ನಿಗೆ ಅಧ್ಯಕ್ಷರ ಘಟಕ ಪ್ರಶಸ್ತಿ ದೊರೆಯಿತು.

ವಿಸ್ತರಣೆ, ಸಿಸಿಲಿ ಮತ್ತು ಇಟಲಿ

ಈ ಯಶಸ್ಸಿನ ಬಳಿಕ ಇನ್ನೆರಡು ಬೆಟಾಲಿಯನ್‌ಗಳನ್ನು ಕಟ್ಟಲು ಅನುಮತಿ ಸಿಕ್ಕಿತು. ಡಾರ್ಬಿಯವರು ಹಳೆಯ ಬೆಟಾಲಿಯನ್ನಿನ ಆರು ಕಂಪನಿಗಳನ್ನು ಎರಡೆರಡಾಗಿ ಹಂಚಿ, ಅನುಭವಿಗಳನ್ನು 1, 3 ಮತ್ತು 4ನೆಯ ಬೆಟಾಲಿಯನ್‌ಗಳ ಬುನಾದಿಯಾಗಿಸಿದರು. ಹೊಸಬರಿಗೆ ಅಲ್ಜೀರಿಯದ ನಮೂರ್‌ನಲ್ಲಿ ಅಕ್ನಾಕ್ಯಾರಿಯ ಮಾದರಿಯಲ್ಲೇ ಕೆಲವು ವಾರಗಳ ತರಬೇತಿ ನೀಡಲಾಯಿತು.

1943ರ ಜುಲೈ 10ರಂದು ರೇಂಜರ್‌ಗಳು ಸಿಸಿಲಿಯ ಜೇಲಾ ಪಟ್ಟಣವನ್ನು ವಶಪಡಿಸಿಕೊಂಡರು. ಇಟಲಿಯ ಟ್ಯಾಂಕುಗಳು ಬೀದಿಗೆ ನುಗ್ಗಿದಾಗ ಡಾರ್ಬಿಯವರು 37 ಮಿ.ಮೀ. ಫಿರಂಗಿಯೊಂದನ್ನು ತರಿಸಿ, ಸ್ವತಃ ನಿಂತು ಒಂದು ಟ್ಯಾಂಕನ್ನು ಧ್ವಂಸಗೊಳಿಸಿದರು. ಜನರಲ್ ಜಾರ್ಜ್ ಪ್ಯಾಟನ್ ಅವರಿಗೆ ಬಡ್ತಿಯೊಂದಿಗೆ ಒಂದು ರೆಜಿಮೆಂಟಿನ ನಾಯಕತ್ವವನ್ನು ನೀಡಲು ಮುಂದಾದರು. ತಾವು ಆರಿಸಿ ಬೆಳೆಸಿದವರನ್ನು ಬಿಟ್ಟುಹೋಗಲು ಇಷ್ಟಪಡದ ಡಾರ್ಬಿಯವರು ಅದನ್ನು ನಿರಾಕರಿಸಿದರು. ಯುದ್ಧದ ಅವಧಿಯಲ್ಲಿ ಅವರಿಗೆ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಕ್ರಾಸ್ ಎರಡು ಬಾರಿ ಸಂದಿತು.

ಸೆಪ್ಟೆಂಬರಿನಲ್ಲಿ ಸಲೆರ್ನೊ ಬಳಿಯ ಮಯೋರಿಯಲ್ಲಿ ಇಳಿದು, ನೇಪಲ್ಸ್ ಬಯಲಿನ ಮೇಲೆ ಕಣ್ಣಿಡಬಲ್ಲ ಕಿಯುಂಜಿ ಕಣಿವೆಮಾರ್ಗವನ್ನು ಅವರು ಹಿಡಿದು ನಿಂತರು. ಚಳಿಗಾಲದಲ್ಲಿ ವೆನಾಫ್ರೊ ಬೆಟ್ಟಗಳಲ್ಲಿ ಸಾಮಾನ್ಯ ಕಾಲಾಳು ಪಡೆಯಂತೆ ಮುಂಚೂಣಿಯಲ್ಲಿ ದೀರ್ಘಕಾಲ ಹೋರಾಡಬೇಕಾಯಿತು. ಹಠಾತ್ ದಾಳಿಗಾಗಿ ತಯಾರಾದ ಪಡೆ ಇಲ್ಲಿ ಅನೇಕ ಅನುಭವಿಗಳನ್ನು ಕಳೆದುಕೊಂಡಿತು. ಅವರ ಸ್ಥಾನಕ್ಕೆ ಬಂದವರಿಗೆ ಮೊದಲಿನವರಷ್ಟು ತರಬೇತಿ ನೀಡಲು ಸಮಯವಿರಲಿಲ್ಲ.

ಚಿಸ್ತೆರ್ನಾ ದುರಂತ

1944ರ ಜನವರಿ 22ರಂದು ಮೂರೂ ಬೆಟಾಲಿಯನ್‌ಗಳು ಆಂಜಿಯೊದಲ್ಲಿ ಇಳಿದವು. ಜನವರಿ 30ರ ನಸುಕಿಗೆ ಮುನ್ನ 1 ಮತ್ತು 3ನೆಯ ಬೆಟಾಲಿಯನ್‌ಗಳ 767 ಮಂದಿ ಕಾಲುವೆಯೊಂದರ ಮರೆಯಲ್ಲಿ ಚಿಸ್ತೆರ್ನಾ ಪಟ್ಟಣದತ್ತ ನುಸುಳಿದರು. ಜರ್ಮನರು ಅಲ್ಲಿ ತಮ್ಮ ಬಲವನ್ನು ಹೆಚ್ಚಿಸಿಕೊಂಡಿದ್ದುದು ದಾಳಿಯ ಯೋಜಕರ ಗಮನಕ್ಕೆ ಬಂದಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ರೇಂಜರ್‌ಗಳು ಪಟ್ಟಣದ ಹೊರಗಿನ ಬಯಲಿನಲ್ಲಿ ಸುತ್ತುವರಿಯಲ್ಪಟ್ಟರು. ಹಗುರ ಆಯುಧಗಳಷ್ಟೇ ಇದ್ದ ಅವರು ಟ್ಯಾಂಕುಗಳ ಎದುರು ಮಧ್ಯಾಹ್ನದವರೆಗೆ ಹೋರಾಡಿದರು. ನೆರವಿಗೆ ಹೊರಟ 4ನೆಯ ಬೆಟಾಲಿಯನ್ ದಾರಿಯಲ್ಲೇ ತಡೆಯಲ್ಪಟ್ಟು ಭಾರೀ ನಷ್ಟ ಅನುಭವಿಸಿತು. 767 ಮಂದಿಯಲ್ಲಿ ಹಿಂದಿರುಗಿದವರು ಆರು ಮಂದಿ ಮಾತ್ರ. ಉಳಿದವರು ಸತ್ತರು ಅಥವಾ ಸೆರೆಯಾದರು. ಹಿಂಬದಿಯ ನೆಲೆಯಲ್ಲಿದ್ದು ತಮ್ಮವರ ಕೊನೆಯ ಸಂದೇಶಗಳನ್ನು ಕೇಳಿಸಿಕೊಳ್ಳಬೇಕಾಗಿ ಬಂದ ಡಾರ್ಬಿಯವರಿಗೆ ಇದು ತುಂಬಲಾರದ ನಷ್ಟವಾಯಿತು.

ಈ ಸೋಲಿಗೆ ಬೇಹುಗಾರಿಕೆಯ ಕೊರತೆ, ಅನುಭವಿಗಳ ಸಂಖ್ಯೆ ಕುಗ್ಗಿದ್ದುದು, ಭಾರೀ ಆಯುಧಗಳಿಲ್ಲದ ಪಡೆಯನ್ನು ಬಲವಾದ ರಕ್ಷಣಾ ಸಾಲಿನ ವಿರುದ್ಧ ಬಳಸಿದ್ದು ಇವುಗಳನ್ನು ಕಾರಣಗಳಾಗಿ ಹೇಳಲಾಗುತ್ತದೆ. ವಿಶೇಷ ಪಡೆಯೊಂದನ್ನು ಆರಿಸಿ ತಯಾರು ಮಾಡುವುದು ಎಷ್ಟು ಮುಖ್ಯವೋ, ಅದನ್ನು ಅದಕ್ಕೆ ತಕ್ಕ ಕೆಲಸಕ್ಕೆ ಬಳಸುವುದೂ ಅಷ್ಟೇ ಮುಖ್ಯ ಎಂಬುದಕ್ಕೆ ಚಿಸ್ತೆರ್ನಾ ಉದಾಹರಣೆಯಾಗಿದೆ. ಮೂರೂ ಬೆಟಾಲಿಯನ್‌ಗಳನ್ನು 1944ರಲ್ಲಿ ವಿಸರ್ಜಿಸಲಾಯಿತು.

ಕೊನೆಯ ದಿನಗಳು

ಚಿಸ್ತೆರ್ನಾದ ನಂತರ ಡಾರ್ಬಿಯವರು ಆಂಜಿಯೊದಲ್ಲಿ 179ನೆಯ ಕಾಲಾಳು ರೆಜಿಮೆಂಟನ್ನು ಮುನ್ನಡೆಸಿದರು. 1944ರ ಏಪ್ರಿಲ್‌ನಲ್ಲಿ ಸ್ವದೇಶಕ್ಕೆ ಮರಳಿ ಯುದ್ಧ ಇಲಾಖೆಯಲ್ಲಿ ಕೆಲಸ ಮಾಡಿದರು. 1945ರ ವಸಂತದಲ್ಲಿ ವೀಕ್ಷಣಾ ಪ್ರವಾಸಕ್ಕೆಂದು ಇಟಲಿಗೆ ಬಂದಿದ್ದಾಗ 10ನೆಯ ಪರ್ವತ ಡಿವಿಜನ್ನಿನ ಸಹಾಯಕ ದಂಡನಾಯಕರು ಗಾಯಗೊಂಡರು. ಆ ಸ್ಥಾನವನ್ನು ಡಾರ್ಬಿಯವರು ವಹಿಸಿಕೊಂಡರು. ಏಪ್ರಿಲ್ 30ರಂದು ಗಾರ್ಡಾ ಸರೋವರದ ತೀರದ ತೊರ್ಬೊಲೆಯಲ್ಲಿ ಜರ್ಮನ್ ಫಿರಂಗಿ ಗುಂಡಿನ ಚೂರು ತಗುಲಿ ಅವರು ಮೃತಪಟ್ಟರು. ಇಟಲಿಯಲ್ಲಿ ಜರ್ಮನರ ಶರಣಾಗತಿ ಜಾರಿಗೆ ಬಂದದ್ದು ಎರಡು ದಿನಗಳ ನಂತರ. ಆಗ ಅವರಿಗೆ 34 ವರ್ಷ. ಮರಣೋತ್ತರವಾಗಿ ಅವರಿಗೆ ಬ್ರಿಗೇಡಿಯರ್ ಜನರಲ್ ಪದವಿ ನೀಡಲಾಯಿತು. ಚಿಸ್ತೆರ್ನಾದಲ್ಲಿದ್ದ ಅವರ ಅವಶೇಷಗಳನ್ನು 1949ರಲ್ಲಿ ಫೋರ್ಟ್ ಸ್ಮಿತ್‌ನ ರಾಷ್ಟ್ರೀಯ ಸ್ಮಶಾನಕ್ಕೆ ತರಲಾಯಿತು.

ಪರಂಪರೆ

1950ರಲ್ಲಿ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನಲ್ಲಿ ರೇಂಜರ್ ತರಬೇತಿ ಆರಂಭವಾಯಿತು. ಬಯಲು, ಪರ್ವತ ಮತ್ತು ಜೌಗು ಪ್ರದೇಶಗಳ ಮೂರು ಹಂತಗಳಲ್ಲಿ ಎರಡು ತಿಂಗಳ ಕಾಲ ನಡೆಯುವ ಈ ಶಿಕ್ಷಣದ ಮೊದಲ ಹಂತಕ್ಕೆ ಡಾರ್ಬಿಯವರ ಹೆಸರಿದೆ. ಅಲ್ಲಿಯ ಕ್ಯಾಂಪ್ ಡಾರ್ಬಿಯಲ್ಲಿರುವ ಅಡೆತಡೆಗಳ ಓಟದ ಮೈದಾನ ಡಾರ್ಬಿ ಕ್ವೀನ್ ಎಂದು ಪ್ರಸಿದ್ಧ. ಮೊದಲ ವಾರದಲ್ಲೇ ಅನೇಕರನ್ನು ಹೊರಹಾಕುವ 12 ಮೈಲಿಗಳ ಹೊರೆ ನಡಿಗೆ, ಕಡಿಮೆ ಊಟ ಮತ್ತು ನಿದ್ರೆಯ ನಡುವೆ ತಂಡವನ್ನು ಮುನ್ನಡೆಸುವ ಪರೀಕ್ಷೆ, ಇಬ್ಬಿಬ್ಬರ ಜೋಡಿ ಪದ್ಧತಿ ಇವುಗಳಲ್ಲಿ 1942ರ ಕ್ರಮದ ಮುಂದುವರಿಕೆಯನ್ನು ಕಾಣಬಹುದು.

ಇಟಲಿಯ ಪೀಸಾ ಮತ್ತು ಲಿವೊರ್ನೊ ನಡುವಿನ ಅಮೆರಿಕದ ಸೇನಾ ನೆಲೆಗೂ ಕ್ಯಾಂಪ್ ಡಾರ್ಬಿ ಎಂಬ ಹೆಸರಿದೆ. ಅವರ ಪಡೆಯನ್ನು ಕುರಿತ ಹಾಲಿವುಡ್ ಚಲನಚಿತ್ರವೊಂದು 1958ರಲ್ಲಿ ತೆರೆಕಂಡಿತು. ಜೇಮ್ಸ್ ಗಾರ್ನರ್ ಅದರಲ್ಲಿ ಡಾರ್ಬಿಯವರ ಪಾತ್ರವನ್ನು ವಹಿಸಿದರು. ಡಾರ್ಬಿಯವರು ಹೇಳಿದ ಅನುಭವಗಳನ್ನು ಆಧರಿಸಿ ವಿಲಿಯಂ ಬಾಮರ್ ಸಿದ್ಧಪಡಿಸಿದ ಗ್ರಂಥ 1980ರಲ್ಲಿ ಪ್ರಕಟವಾಯಿತು.