ವಿನಾಯಕ ಕೃಷ್ಣ ಗೋಕಾಕ: ಇಂಗ್ಲಿಷ್ ಬೋಧನೆ ಮತ್ತು ಪ್ರಥಮ ಭಾಷೆಯ ಪ್ರಶ್ನೆ

ಆಧುನಿಕ ಕನ್ನಡ ಸಾಹಿತ್ಯವನ್ನು ರೂಪಿಸಿದವರಲ್ಲಿ ಇಂಗ್ಲಿಷ್ ಅಧ್ಯಾಪಕರ ಸಂಖ್ಯೆ ದೊಡ್ಡದು. ಬಿ. ಎಂ. ಶ್ರೀಕಂಠಯ್ಯನವರಿಂದ ಮೊದಲ್ಗೊಂಡು ಎಸ್. ವಿ. ರಂಗಣ್ಣ, ಗೋಪಾಲಕೃಷ್ಣ ಅಡಿಗ, ಯು. ಆರ್. ಅನಂತಮೂರ್ತಿ ಅವರವರೆಗೆ ಈ ಪರಂಪರೆ ಹರಿದುಬಂದಿದೆ. ಇವರಲ್ಲಿ ವಿನಾಯಕ ಕೃಷ್ಣ ಗೋಕಾಕರ ಸ್ಥಾನ ಒಂದು ಕಾರಣಕ್ಕಾಗಿ ಭಿನ್ನವಾದುದು. ಇತರರು ತಮ್ಮ ತಮ್ಮ ತರಗತಿಗಳಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದರು. ಗೋಕಾಕರು ಅದರ ಜೊತೆಗೆ, ಈ ದೇಶದ ಶಾಲೆಯ ಮಗು ಇಂಗ್ಲಿಷನ್ನು ಯಾವ ಕ್ರಮದಲ್ಲಿ ಕಲಿಯಬೇಕು ಎಂಬುದನ್ನು ರಾಷ್ಟ್ರಮಟ್ಟದಲ್ಲಿ ಯೋಚಿಸುವ ಹೊಣೆಯನ್ನು ಹೊತ್ತರು. ಮುಂದೆ ಇಳಿವಯಸ್ಸಿನಲ್ಲಿ, ಅದೇ ಮಗುವಿನ ಪಠ್ಯಕ್ರಮದಲ್ಲಿ ಕನ್ನಡದ ಸ್ಥಾನ ಯಾವುದು ಎಂಬುದನ್ನು ನಿರ್ಣಯಿಸುವ ಸಮಿತಿಗೂ ಅಧ್ಯಕ್ಷರಾದರು. ಮೊದಲನೆಯ ಕಾರ್ಯ ಇಂಗ್ಲಿಷ್ ಅಧ್ಯಾಪಕರ ನೆನಪಿನಲ್ಲಿ, ಎರಡನೆಯದು ಕನ್ನಡ ಚಳವಳಿಯ ನೆನಪಿನಲ್ಲಿ ಉಳಿದಿದೆ. ಇವೆರಡನ್ನೂ ಒಂದೇ ಬಾಳಿನ ಕೆಲಸವಾಗಿ ನೋಡಿದಾಗ ಮಾತ್ರ ಗೋಕಾಕರ ನಿಲುವು ಸ್ಪಷ್ಟವಾಗುತ್ತದೆ. ಆ ನಿಲುವು ಕರ್ನಾಟಕದ ಹೊರಗೆ, ಮುಂಬಯಿ ಮತ್ತು ಠಾಣೆ ಪರಿಸರದಲ್ಲಿ ಬದುಕು ಕಟ್ಟಿಕೊಂಡಿರುವ ಕನ್ನಡಿಗರಿಗೂ ಸಂಬಂಧಪಟ್ಟ ವಿಷಯವಾಗಿದೆ.

ಗೋಕಾಕರು 1909ನೆಯ ಇಸವಿ ಆಗಸ್ಟ್ 9ರಂದು ಸವಣೂರಿನಲ್ಲಿ ಜನಿಸಿದರು. ಸವಣೂರು ಆಗ ನವಾಬರ ಆಳ್ವಿಕೆಯ ಒಂದು ಚಿಕ್ಕ ಸಂಸ್ಥಾನ. ಕನ್ನಡ ಮನೆಮಾತು, ಉರ್ದು ಆಡಳಿತದ ಸೋಂಕು, ಮರಾಠಿಯ ನೆರೆ, ಇವುಗಳ ಮೇಲೆ ಶಾಲೆಯ ಇಂಗ್ಲಿಷು, ಹೀಗೆ ಹಲವು ಭಾಷೆಗಳ ನಡುವೆ ಅವರ ಬಾಲ್ಯ ಕಳೆಯಿತು. ಉಚ್ಚ ಶಿಕ್ಷಣಕ್ಕಾಗಿ ಧಾರವಾಡದ ಕರ್ನಾಟಕ ಕಾಲೇಜನ್ನು ಸೇರಿದ ಮೇಲೆ ದ. ರಾ. ಬೇಂದ್ರೆಯವರ ಒಡನಾಟ ದೊರೆಯಿತು. ಗೆಳೆಯರ ಗುಂಪಿನ ಆ ವಾತಾವರಣದಲ್ಲಿ ಇಂಗ್ಲಿಷ್ ಕಾವ್ಯವನ್ನು ಓದುತ್ತಿದ್ದ ತರುಣ ಕನ್ನಡದಲ್ಲಿ ಬರೆಯುವ ಕವಿಯಾದ. ವಿನಾಯಕ ಎಂಬ ಕಾವ್ಯನಾಮ ಕನ್ನಡಿಗರಿಗೆ ಪರಿಚಿತವಾಯಿತು. ತರಗತಿಯ ಇಂಗ್ಲಿಷು ಮನೆಯ ಕನ್ನಡವನ್ನು ಹಿಂದಕ್ಕೆ ತಳ್ಳದೆ ಅದನ್ನು ಬೆಳೆಸಿದ ಅನುಭವ ಅವರಿಗೆ ಸ್ವಂತದ್ದಾಗಿತ್ತು.

ಮುಂಬಯಿ ವಿಶ್ವವಿದ್ಯಾಲಯದ ಎಂ. ಎ. ಪದವಿಯನ್ನು ಪಡೆದ ಗೋಕಾಕರು 1931ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಮಾಡಿ ಇಂಗ್ಲಿಷ್ ಸಾಹಿತ್ಯದಲ್ಲಿ ಪ್ರಥಮ ವರ್ಗದ ಮನ್ನಣೆ ಗಳಿಸಿದರು. ಆ ಕಡಲ ಪಯಣದ ಫಲವಾಗಿ ಕನ್ನಡಕ್ಕೆ 'ಸಮುದ್ರ ಗೀತೆಗಳು' ಮತ್ತು 'ಸಮುದ್ರದಾಚೆಯಿಂದ' ಎಂಬ ಕೃತಿಗಳು ದೊರೆತವು. ಹಿಂದಿರುಗಿದ ಮೇಲೆ ಸಾಂಗಲಿಯ ವಿಲ್ಲಿಂಗ್ಡನ್ ಕಾಲೇಜು, ಗುಜರಾತಿನ ವಿಸನಗರದ ಕಾಲೇಜು, ಕೊಲ್ಹಾಪುರದ ರಾಜಾರಾಮ ಕಾಲೇಜು, ಕೊನೆಗೆ 1952ರಿಂದ ಧಾರವಾಡದ ಕರ್ನಾಟಕ ಕಾಲೇಜು, ಹೀಗೆ ಅವರು ಪ್ರಾಚಾರ್ಯರಾಗಿ ದುಡಿದರು. ಧಾರವಾಡಕ್ಕೆ ಮರಳುವ ಮುನ್ನ ಸುಮಾರು ಎರಡು ದಶಕಗಳ ಕಾಲ ಅವರ ಮುಂದೆ ಕುಳಿತ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರ ಮಾತೃಭಾಷೆ ಮರಾಠಿ ಅಥವಾ ಗುಜರಾತಿ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂಗ್ಲಿಷ್ ಬೋಧನೆಯ ಸಮಸ್ಯೆ ಯಾವುದೋ ಒಂದು ಪ್ರಾಂತದ್ದಲ್ಲ ಎಂಬ ತಿಳಿವಳಿಕೆ ಅವರಿಗೆ ಈ ತರಗತಿಗಳಲ್ಲಿಯೇ ಬಂದಿರಬೇಕು.

ಆ ಸಮಸ್ಯೆಯ ಸ್ವರೂಪ ಹೀಗಿತ್ತು. ಸ್ವಾತಂತ್ರ್ಯಪೂರ್ವದ ಪ್ರೌಢಶಾಲೆಯಲ್ಲಿ ಇಂಗ್ಲಿಷು ಒಂದು ವಿಷಯ ಮಾತ್ರವಾಗಿರದೆ ಬಹುಮಟ್ಟಿಗೆ ಇತರ ವಿಷಯಗಳ ಬಾಗಿಲೂ ಆಗಿತ್ತು. ವಾರದ ಹಲವು ತಾಸುಗಳು ಅದಕ್ಕೆ ಮೀಸಲಾಗಿದ್ದವು. ಸ್ವಾತಂತ್ರ್ಯಾನಂತರ ಮುಂಬಯಿ ಪ್ರಾಂತದ ಸರ್ಕಾರ ಐದರಿಂದ ಏಳನೆಯ ಇಯತ್ತೆಗಳಿಂದ ಇಂಗ್ಲಿಷನ್ನು ತೆಗೆದು ಎಂಟನೆಯ ಇಯತ್ತೆಯಿಂದ ಆರಂಭಿಸುವ ನೀತಿಯನ್ನು ಅನುಸರಿಸಿತು. ಭಾಷೆ ಕಲಿಯುವ ವರ್ಷಗಳು ಕಡಿಮೆಯಾದವು. ಕಾಲೇಜಿನ ಅಪೇಕ್ಷೆ ಮಾತ್ರ ಹಾಗೆಯೇ ಉಳಿಯಿತು. 1954ರಲ್ಲಿ ಇದೇ ಮುಂಬಯಿ ಸರ್ಕಾರ, ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ಇಂಗ್ಲಿಷ್ ಮನೆಮಾತಲ್ಲದ ಮಕ್ಕಳನ್ನು ಸೇರಿಸಿಕೊಳ್ಳಬಾರದೆಂದು ಹೊರಡಿಸಿದ ಆಜ್ಞೆಯನ್ನು ಸರ್ವೋಚ್ಚ ನ್ಯಾಯಾಲಯ ಅಸಿಂಧುಗೊಳಿಸಿತು. ಪರಿಣಾಮವಾಗಿ ಒಂದೇ ಪ್ರಾಂತದಲ್ಲಿ ಎರಡು ಬಗೆಯ ವಿದ್ಯಾರ್ಥಿಗಳು ಸಿದ್ಧರಾಗತೊಡಗಿದರು. ಒಬ್ಬನಿಗೆ ಇಂಗ್ಲಿಷು ಮೂರು ನಾಲ್ಕು ವರ್ಷಗಳ ಪರಿಚಯದ ಭಾಷೆ. ಇನ್ನೊಬ್ಬನಿಗೆ ಶಿಕ್ಷಣದ ಮಾಧ್ಯಮ. ಕಾಲೇಜಿಗೆ ಬಂದಾಗ ಇಬ್ಬರ ಕೈಗೂ ಅದೇ ಷೇಕ್ಸ್‌ಪಿಯರ್ ನಾಟಕ ಬರುತ್ತಿತ್ತು. ಮೊದಲನೆಯವನು ಮಾರ್ಗದರ್ಶಿಯನ್ನು ಬಾಯಿಪಾಠ ಮಾಡಿ ಉತ್ತೀರ್ಣನಾಗುವ ದಾರಿ ಹುಡುಕಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಸ್ಥಿತಿಗೆ ಪರಿಹಾರ ಹುಡುಕಲು ಭಾರತ ಸರ್ಕಾರ 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯನ್ನು ಸ್ಥಾಪಿಸಿತು. ಫೋರ್ಡ್ ಪ್ರತಿಷ್ಠಾನ ಮತ್ತು ಬ್ರಿಟಿಷ್ ಕೌನ್ಸಿಲುಗಳ ನೆರವು ಅದಕ್ಕಿತ್ತು. ಮರುವರ್ಷ ಗೋಕಾಕರು ಧಾರವಾಡವನ್ನು ಬಿಟ್ಟು ಅದರ ನಿರ್ದೇಶಕರಾಗಿ ಹೋದರು. 1966ರವರೆಗೆ ಆ ಹೊಣೆ ಅವರದಾಗಿತ್ತು. ಇಂದು ವಿಶ್ವವಿದ್ಯಾಲಯವಾಗಿ ಬೆಳೆದಿರುವ ಆ ಸಂಸ್ಥೆಯ ಆರಂಭದ ಉದ್ದೇಶ ಶಿಕ್ಷಕರಿಗೆ ಕಲಿಸುವವರನ್ನು ತರಬೇತುಗೊಳಿಸುವುದು, ಪಠ್ಯಸಾಮಗ್ರಿಯನ್ನು ಸಿದ್ಧಪಡಿಸುವುದು, ಭಾರತೀಯ ಭಾಷೆಗಳನ್ನಾಡುವ ಮಕ್ಕಳಿಗೆ ಇಂಗ್ಲಿಷ್ ಏಕೆ ಕಷ್ಟವಾಗುತ್ತದೆ ಎಂಬುದನ್ನು ಸಂಶೋಧಿಸುವುದು.

ಆ ಕಾಲದಲ್ಲಿ ದೇಶದ ಶಾಲೆಗಳಿಗೆ ಬಂದ ಹೊಸ ಕ್ರಮವನ್ನು ರಚನಾತ್ಮಕ ಪದ್ಧತಿ ಎಂದು ಕರೆಯಲಾಗುತ್ತಿತ್ತು. ವ್ಯಾಕರಣದ ನಿಯಮ ಹೇಳಿ ಭಾಷಾಂತರ ಮಾಡಿಸುವ ಹಳೆಯ ರೂಢಿಗೆ ಬದಲಾಗಿ, ಇಂಗ್ಲಿಷ್ ವಾಕ್ಯಮಾದರಿಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಒಂದೊಂದನ್ನೂ ತರಗತಿಯ ಸನ್ನಿವೇಶದಲ್ಲಿ ಆಡಿ ತೋರಿಸಿ, ಮಕ್ಕಳಿಂದ ಆಡಿಸಿ, ಅನಂತರ ಓದು ಬರಹಗಳಿಗೆ ಹೋಗುವುದು ಇದರ ರೀತಿ. ಬಾಗಿಲತ್ತ ನಡೆಯುತ್ತಿರುವ ಹುಡುಗ ತಾನು ನಡೆಯುತ್ತಿದ್ದೇನೆಂದು ಇಂಗ್ಲಿಷಿನಲ್ಲಿ ಹೇಳುವ ಪಾಠ ಆಗಿನ ಶಿಕ್ಷಕರೆಲ್ಲರಿಗೂ ಪರಿಚಿತ. ಕಲಿಸಬೇಕಾದ ಶಬ್ದಗಳಿಗೂ ಒಂದು ಮಿತಿ ಇರುತ್ತಿತ್ತು. ಮಿತವಾದ ವರ್ಷಗಳಲ್ಲಿ, ದೊಡ್ಡ ತರಗತಿಗಳಲ್ಲಿ, ಇಂಗ್ಲಿಷಿನಲ್ಲಿ ಸ್ವತಃ ಅಷ್ಟೇನೂ ಪಳಗದ ಶಿಕ್ಷಕನೂ ಅನುಸರಿಸಬಹುದಾದ ದಾರಿ ಅದು ಎಂಬುದೇ ಅದರ ಬಲ.

ಈ ಪದ್ಧತಿಯ ಹಿಂದಿನ ತತ್ತ್ವ ಕನ್ನಡಿಗರಿಗೂ ಮುಖ್ಯವಾದುದು. ಇಂಗ್ಲಿಷ್ ಭಾಷೆ ಬೇರೆ, ಇಂಗ್ಲಿಷ್ ಸಾಹಿತ್ಯ ಬೇರೆ. ಪ್ರೌಢಶಾಲೆಯ ಎಲ್ಲ ಮಕ್ಕಳಿಗೂ ಬೇಕಾದದ್ದು ಮೊದಲನೆಯದು ಎಂಬ ವಿಂಗಡಣೆ ಅದರಲ್ಲಿದೆ. ಸಾಹಿತ್ಯದ ಪ್ರಾಧ್ಯಾಪಕರಾಗಿದ್ದ ಗೋಕಾಕರು ಈ ವಿಂಗಡಣೆಯ ಮೇಲೆ ನಿಂತ ಸಂಸ್ಥೆಯನ್ನು ನಡೆಸಿದ್ದು ಸಾಮಾನ್ಯ ಸಂಗತಿಯಲ್ಲ. 1964ರಲ್ಲಿ ಪ್ರಕಟವಾದ, ಭಾರತದಲ್ಲಿ ಇಂಗ್ಲಿಷಿನ ವರ್ತಮಾನ ಮತ್ತು ಭವಿಷ್ಯವನ್ನು ಕುರಿತ ಅವರ ಗ್ರಂಥದಲ್ಲಿ ಇಂಗ್ಲಿಷು ಈ ದೇಶದ ಶಿಕ್ಷಣದಲ್ಲಿ ಉಳಿಯಬೇಕು, ಆದರೆ ಅದರ ಬೋಧನೆ ಬದಲಾಗಬೇಕು ಎಂಬ ನಿಲುವು ಕಾಣುತ್ತದೆ. 1967ರಲ್ಲಿ ವರದಿ ಸಲ್ಲಿಸಿದ, ಭಾರತದಲ್ಲಿ ಇಂಗ್ಲಿಷ್ ಅಧ್ಯಯನವನ್ನು ಕುರಿತ ಮಂಡಲಿಗೂ ಅವರೇ ಅಧ್ಯಕ್ಷರಾಗಿದ್ದರು.

ರಚನಾತ್ಮಕ ಪದ್ಧತಿಯ ಕೊರತೆಗಳು ಬೇಗನೆ ಕಂಡವು. ವಾಕ್ಯಮಾದರಿಗಳ ಪುನರಾವರ್ತನೆಯಲ್ಲಿ ಅರ್ಥ ಸೊರಗಿತು. ಕತೆ, ಕವಿತೆಗಳ ಸಂತೋಷ ಪಠ್ಯಪುಸ್ತಕದಿಂದ ದೂರವಾಯಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆದ, ಬೆಂಗಳೂರು ಯೋಜನೆ ಎಂದೇ ಹೆಸರಾದ ಪ್ರಯೋಗ, ಮಕ್ಕಳು ಒಂದು ಸಮಸ್ಯೆಯನ್ನು ಬಿಡಿಸುವ ಕೆಲಸದಲ್ಲಿ ತೊಡಗಿದಾಗ ಭಾಷೆ ತಾನಾಗಿ ಬರುತ್ತದೆ ಎಂಬ ಬೇರೊಂದು ದಾರಿಯನ್ನು ತೋರಿಸಿತು. ಆದರೂ ಮಗುವಿಗೆ ಎಷ್ಟು ವರ್ಷ, ಎಷ್ಟು ಭಾಷೆ, ಎಷ್ಟು ಸಾಹಿತ್ಯ ಎಂಬ ಲೆಕ್ಕವಿಲ್ಲದೆ ಪಠ್ಯಕ್ರಮ ಕಟ್ಟಲಾಗದು ಎಂಬ ಪಾಠ ಆ ಹಿಂದಿನ ದಶಕದಿಂದಲೇ ಬಂದದ್ದು.

ಹೈದರಾಬಾದಿನ ವರ್ಷಗಳಲ್ಲಿ ವಿನಾಯಕರ ಕನ್ನಡ ಬರವಣಿಗೆ ನಿಲ್ಲಲಿಲ್ಲ. 'ದ್ಯಾವಾ ಪೃಥಿವೀ' ಕವನಸಂಕಲನಕ್ಕೆ 1960ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಅದಕ್ಕೆ ಮೊದಲೇ ಮುಂಬಯಿಯ ಸಾಹಿತ್ಯ ಸಮ್ಮೇಳನದ ವೇದಿಕೆಯಲ್ಲಿ ನವ್ಯಕಾವ್ಯದ ಅಗತ್ಯವನ್ನು ಸಾರಿದ್ದರು. 1958ರಲ್ಲಿ ಬಳ್ಳಾರಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 1966ರಿಂದ 1969ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿಯೂ ಅನಂತರ ಶಿಮ್ಲಾದ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿಯೂ ಸೇವೆ ಸಲ್ಲಿಸಿದರು.

1980ರ ಜುಲೈಯಲ್ಲಿ ಕರ್ನಾಟಕ ಸರ್ಕಾರ ಅವರ ಅಧ್ಯಕ್ಷತೆಯಲ್ಲಿ ಭಾಷಾ ಸಮಿತಿಯನ್ನು ನೇಮಿಸಿತು. ರಾಜ್ಯದ ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಯ ಪಟ್ಟಿಯಲ್ಲಿ ಸಂಸ್ಕೃತವೂ ಸೇರಿ ಹಲವು ಭಾಷೆಗಳಿದ್ದವು. ಹೆಚ್ಚು ಅಂಕಗಳ ಆಸೆಯಿಂದ ಕನ್ನಡ ಮನೆಮಾತಿನ ಮಕ್ಕಳೂ ಸಂಸ್ಕೃತವನ್ನು ಆರಿಸಿಕೊಂಡು, ಕನ್ನಡವನ್ನು ಓದದೆಯೇ ಶಾಲೆ ಮುಗಿಸುವ ಅವಕಾಶವಿತ್ತು. ಸಂಸ್ಕೃತವನ್ನು ಆ ಪಟ್ಟಿಯಿಂದ ತೆಗೆದ 1979ರ ಆದೇಶ ವಿವಾದವನ್ನು ಹುಟ್ಟಿಸಿದ್ದರಿಂದ ಸಮಿತಿ ಬಂದಿತು. 1981ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಸಮಿತಿಯು ಪ್ರೌಢಶಾಲೆಯ ಹಂತದಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂದೂ ಅದಕ್ಕೆ 150 ಅಂಕಗಳಿರಬೇಕೆಂದೂ ಉಳಿದ ಎರಡು ಭಾಷೆಗಳಿಗೆ ತಲಾ 100 ಅಂಕಗಳೆಂದೂ ಶಿಫಾರಸು ಮಾಡಿತು. ಇಂಗ್ಲಿಷು ಈ ಎರಡರಲ್ಲಿ ಒಂದಾಗಿ ಉಳಿಯಬಹುದಿತ್ತು.

ಇಂಗ್ಲಿಷ್ ಬೋಧನೆಗಾಗಿ ಜೀವಮಾನದ ಬಹುಭಾಗವನ್ನು ಕೊಟ್ಟವರು ಕನ್ನಡಕ್ಕೆ ಮೊದಲ ಮಣೆ ಹಾಕಿದ್ದು ಕೆಲವರಿಗೆ ವಿರೋಧಾಭಾಸವಾಗಿ ಕಂಡಿತು. ವಾಸ್ತವವಾಗಿ ಇದು ಹೈದರಾಬಾದಿನ ವಿಚಾರದ ಮುಂದುವರಿಕೆಯೇ ಆಗಿದೆ. ಇಂಗ್ಲಿಷು ಎಲ್ಲ ಮಕ್ಕಳಿಗೂ ಉಪಕರಣವಾಗಿ ಬರಬೇಕಾದರೆ, ಸಾಹಿತ್ಯದ ಸಂಸ್ಕಾರವನ್ನು, ಭಾವ ಮತ್ತು ಚಿಂತನೆಯ ಪಳಗುವಿಕೆಯನ್ನು ಕೊಡುವ ಭಾಷೆ ಬೇರೊಂದಿರಬೇಕು. ಆ ಸ್ಥಾನ ಪರಿಸರದ ಭಾಷೆಗಲ್ಲದೆ ಇನ್ನಾವುದಕ್ಕೂ ಸಲ್ಲದು. ಇಂಗ್ಲಿಷಿಗೆ ಮಿತಿ ಹಾಕಿದವರೇ ಕನ್ನಡಕ್ಕೆ ಭಾರ ಕೊಟ್ಟರು. ಎರಡೂ ಒಂದೇ ತಕ್ಕಡಿಯ ಕೆಲಸ.

ವರದಿಯ ಜಾರಿ ತಡವಾದಾಗ 1982ರಲ್ಲಿ ನಡೆದ ಚಳವಳಿಗೆ ಗೋಕಾಕರ ಹೆಸರೇ ನಿಂತಿತು. ಸಾಹಿತಿಗಳು ಆರಂಭಿಸಿದ ಹೋರಾಟ ನಟ ರಾಜಕುಮಾರ್ ಅವರ ಪ್ರವೇಶದಿಂದ ಜನಾಂದೋಲನವಾಯಿತು. ಅದೇ ವರ್ಷದ ಜುಲೈಯಲ್ಲಿ ಸರ್ಕಾರ 125 ಅಂಕಗಳ ಪ್ರಥಮ ಭಾಷೆಯಾಗಿ ಕನ್ನಡವನ್ನು ಒಪ್ಪಿ ಆದೇಶ ಹೊರಡಿಸಿತು. ಆದರೆ ಭಾಷಿಕ ಅಲ್ಪಸಂಖ್ಯಾತರು ನ್ಯಾಯಾಲಯದ ಮೊರೆಹೊಕ್ಕರು. ಕನ್ನಡ ಮನೆಮಾತಲ್ಲದ ಮಗುವಿಗೂ ಕನ್ನಡವನ್ನೇ ಏಕೈಕ ಪ್ರಥಮ ಭಾಷೆಯನ್ನಾಗಿ ವಿಧಿಸುವುದು ಅವರ ಹಕ್ಕುಗಳಿಗೆ ಭಂಗ ತರುತ್ತದೆಂದು 1989ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದರ ಬಳಿಕ ಬದಲಾದ ಆದೇಶವನ್ನು 1993ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು.

ಈ ತೀರ್ಪುಗಳ ಅರ್ಥ ಮಹಾರಾಷ್ಟ್ರದ ಕನ್ನಡಿಗರಿಗೆ ಚೆನ್ನಾಗಿ ತಿಳಿಯಬೇಕು. ಪರಿಸರದ ಭಾಷೆ ಮತ್ತು ಮನೆಯ ಭಾಷೆ ಒಂದೇ ಆಗಿರುವಲ್ಲಿ ಗೋಕಾಕ ಸಮಿತಿಯ ಸೂತ್ರ ಸರಳ. ಇವೆರಡೂ ಬೇರೆಯಾದಲ್ಲಿ ಅದು ತೊಡಕಾಗುತ್ತದೆ. ಬೆಂಗಳೂರಿನ ತಮಿಳು ಅಥವಾ ಉರ್ದು ಮನೆಮಾತಿನ ಮಗು ಯಾವ ಸ್ಥಿತಿಯಲ್ಲಿತ್ತೋ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡ ಮನೆಯ ಮಗು ಅದೇ ಸ್ಥಿತಿಯಲ್ಲಿದೆ. ಮಹಾರಾಷ್ಟ್ರದ ಎಸ್. ಎಸ್. ಸಿ. ವ್ಯವಸ್ಥೆಯಲ್ಲಿ ಕನ್ನಡ ಮಾಧ್ಯಮದ ವಿದ್ಯಾರ್ಥಿಗೆ ಕನ್ನಡ ಪ್ರಥಮ ಭಾಷೆ, ಇಂಗ್ಲಿಷು ತೃತೀಯ ಭಾಷೆ. 1967ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿ ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಯನ್ನು ಸೇರಿದ ಕನ್ನಡ ಮನೆಯ ಮಗುವಿಗೆ ಇಂಗ್ಲಿಷೇ ಪ್ರಥಮ ಭಾಷೆ. 2020ರ ಕಾಯಿದೆಯಿಂದ ಮರಾಠಿ ಎಲ್ಲ ಶಾಲೆಗಳಲ್ಲಿ ಕಡ್ಡಾಯವಾಗಿದೆ; ಪರಿಸರದ ಭಾಷೆಗೆ ಸಲ್ಲಬೇಕಾದ ಈ ಗೌರವವನ್ನು ಗೋಕಾಕರ ವಿಚಾರವನ್ನು ಒಪ್ಪುವವರು ಆಕ್ಷೇಪಿಸಲಾರರು. ಹಿಂದಿಯೂ ಸೇರಿದಾಗ ಕನ್ನಡಕ್ಕೆ ವೇಳಾಪಟ್ಟಿಯಲ್ಲಿ ಜಾಗವೇ ಉಳಿಯುವುದಿಲ್ಲ.

ಹೀಗಾಗಿ ಗೋಕಾಕರ ಪ್ರಶ್ನೆ ಇಲ್ಲಿ ಬೇರೆ ರೂಪದಲ್ಲಿ ಏಳುತ್ತದೆ. ಇಂಗ್ಲಿಷನ್ನು ಪ್ರಥಮ ಭಾಷೆಯಾಗಿ ಓದುವ ಈ ಮಗುವಿಗೆ ಸಾಹಿತ್ಯದ ಸಂಸ್ಕಾರ ಯಾವ ಭಾಷೆಯಿಂದ ಬರಬೇಕು? ಇಂಗ್ಲಿಷ್ ಪಠ್ಯದಲ್ಲಿರುವ ಕೆಲವು ಕವಿತೆಗಳಿಂದಲೇ ಎಂದಾದರೆ, ಆ ಪಠ್ಯವನ್ನು ಬರಿಯ ವ್ಯವಹಾರದ ಭಾಷೆಗೆ ಇಳಿಸಲಾಗದು; ಅಲ್ಲಿ ಭಾರತೀಯ ಬರಹವೂ, ನಮ್ಮ ಭಾಷೆಗಳಿಂದ ಅನುವಾದವಾದ ಕೃತಿಗಳೂ ಇರಬೇಕಾಗುತ್ತದೆ. ಭಾರತೀಯರು ಇಂಗ್ಲಿಷಿನಲ್ಲಿ ಬರೆದ ಕವಿತೆಗಳ ಸಂಕಲನವನ್ನು 1970ರಲ್ಲಿ ಸಾಹಿತ್ಯ ಅಕಾಡೆಮಿಗಾಗಿ ಸಂಪಾದಿಸಿದ ಗೋಕಾಕರು ಈ ದಿಕ್ಕಿನಲ್ಲಿಯೂ ಒಂದು ಹೆಜ್ಜೆ ಇಟ್ಟಿದ್ದರು. ಕನ್ನಡದ ಮಟ್ಟಿಗಾದರೋ, ಶಾಲೆ ಕೊಡದ ತಾಸುಗಳನ್ನು ಮನೆ, ಸಂಘಸಂಸ್ಥೆಗಳು ಮತ್ತು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಸೇರಿ ಒದಗಿಸಬೇಕಾಗಿದೆ. ಅದಕ್ಕೂ ಒಂದು ಕ್ರಮಬದ್ಧ ಪಠ್ಯಕ್ರಮ ಬೇಕು. ಕನ್ನಡ ಆಡಬಲ್ಲ, ಆದರೆ ಓದಲಾರದ ಮಗುವಿಗೆ ಎಷ್ಟು ತಿಂಗಳಲ್ಲಿ ಅಕ್ಷರ, ಎಷ್ಟು ವರ್ಷದಲ್ಲಿ ಒಂದು ಕತೆ ಎಂಬ ಲೆಕ್ಕವನ್ನು, ಇಂಗ್ಲಿಷಿಗಾಗಿ ಹೈದರಾಬಾದಿನಲ್ಲಿ ಹಾಕಿದಂತೆ, ಇಲ್ಲಿ ಕನ್ನಡಕ್ಕಾಗಿ ಹಾಕಬೇಕಾಗಿದೆ.

ಗೋಕಾಕರು 1983ರಿಂದ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷರಾಗಿದ್ದರು. 'ಭಾರತ ಸಿಂಧು ರಶ್ಮಿ' ಎಂಬ ಮಹಾಕಾವ್ಯವನ್ನು ರಚಿಸಿದ ಅವರಿಗೆ 1990ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ದೊರೆಯಿತು. 1992ರ ಏಪ್ರಿಲ್ 28ರಂದು ಅವರು ಮುಂಬಯಿಯಲ್ಲಿ ನಿಧನರಾದರು. ಅವರ ಸಮಿತಿಯ ವರದಿಯನ್ನು ಕನ್ನಡಿಗರು ಘೋಷಣೆಯಾಗಿ ನೆನೆಯುವುದೇ ಹೆಚ್ಚು. ಅದರ ಹಿಂದೆ ಮೂರು ದಶಕಗಳಿಗೂ ಮಿಕ್ಕಿದ ಅಧ್ಯಾಪನದ ಅನುಭವವಿದೆ. ಒಂದು ಮಗು ತನ್ನ ಶಾಲೆಯ ಮಿತವಾದ ತಾಸುಗಳಲ್ಲಿ ಎರಡು ಮೂರು ಭಾಷೆಗಳನ್ನು ಹೇಗೆ ಹೊರಬಲ್ಲದು ಎಂಬ ಕಾಳಜಿಯಿದೆ. ಹೊರನಾಡಿನಲ್ಲಿ ಕನ್ನಡ ಕಲಿಸುವವರು ಆ ವರದಿಯನ್ನು ಆ ಕಾಳಜಿಗಾಗಿ ಮತ್ತೆ ಓದುವುದು ಅಗತ್ಯ.