ಗೂಟ್ಸ್‌ಮೂಟ್ಸ್: ಗಳೆಯ ನೆಗೆತವನ್ನು ಕ್ರಮವಾಗಿ ಕಲಿಸಿದ ಉಪಾಧ್ಯಾಯನು

ದೂರದಿಂದ ಓಡುತ್ತ ಬಂದು, ಕೈಯಲ್ಲಿರುವ ಉದ್ದನೆಯ ಗಳೆಯನ್ನು ನೆಲಕ್ಕೆ ಊರಿ, ಅದರ ಆಧಾರದಿಂದ ಮೇಲಕ್ಕೆದ್ದು ಅಡ್ಡಕೋಲನ್ನು ದಾಟುವ ಆಟಕ್ಕೆ ಪೋಲ್ ವಾಲ್ಟ್ ಎಂದು ಹೆಸರು. ನಾವು ಇದನ್ನು ಗಳೆಯ ನೆಗೆತವೆಂದು ಕರೆಯುವೆವು. ಈ ಆಟವನ್ನು ಶಾಲೆಯ ಪಾಠವನ್ನಾಗಿ ಮಾಡಿ, ಅದರ ವಿಧಾನವನ್ನು ಪುಸ್ತಕದಲ್ಲಿ ಬರೆದಿಟ್ಟ ಒಬ್ಬ ಉಪಾಧ್ಯಾಯನ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಇಡಬೇಕೆಂದು ಬಹುದಿನಗಳಿಂದ ನಮಗೆ ಇಚ್ಛೆಯಿದ್ದಿತು. ಅದಕ್ಕೆ ಕಾರಣವೂ ಉಂಟು. ಅದನ್ನು ಮುಂದೆ ಹೇಳುವೆವು.

ಯೋಹಾನ್ ಕ್ರಿಸ್ಟೋಫ್ ಫ್ರೀಡ್ರಿಖ್ ಗೂಟ್ಸ್‌ಮೂಟ್ಸ್ ಎಂಬಾತನು 1759ನೆಯ ಇಸವಿ ಆಗಸ್ಟ್ 9ರಂದು ಜರ್ಮನಿಯ ಹಾರ್ಟ್ಸ್ ಬೆಟ್ಟಗಳ ಸಮೀಪದ ಕ್ವೆಡ್ಲಿನ್‌ಬುರ್ಗ್ ಪಟ್ಟಣದಲ್ಲಿ ಜನಿಸಿದನು. ತಂದೆಯದು ಚರ್ಮ ಹದಮಾಡುವ ಕಸಬು. ಜರ್ಮನ್ ಭಾಷೆಯಲ್ಲಿ ಆ ಮನೆತನದ ಹೆಸರು ಒಳ್ಳೆಯ ಧೈರ್ಯವುಳ್ಳವನು ಎಂಬ ಅರ್ಥವನ್ನು ಕೊಡುವುದು. ಹೆಸರಿಗೆ ತಕ್ಕ ಗುಣವು ಎಲ್ಲರಿಗೂ ಲಭಿಸುವುದಿಲ್ಲ, ಈತನಿಗೆ ಲಭಿಸಿದ್ದಿತು. ಹಾಲೆ ವಿಶ್ವವಿದ್ಯಾನಿಲಯದಲ್ಲಿ ದೇವಶಾಸ್ತ್ರವನ್ನು ಓದಿ, ಊರಿಗೆ ಮರಳಿ, ರಿಟರ್ ಎಂಬ ವೈದ್ಯರ ಮನೆಯ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದನು. ಸ್ವಲ್ಪ ಕಾಲದಲ್ಲಿಯೇ ಆ ವೈದ್ಯರು ತೀರಿಕೊಂಡರು. ವಿಧವೆಯಾದ ತಾಯಿಗೆ ಮಕ್ಕಳ ಚಿಂತೆ ಹತ್ತಿತು.

ಅದೇ ಸಮಯದಲ್ಲಿ, 1784ರಲ್ಲಿ, ಕ್ರಿಸ್ಟಿಯಾನ್ ಗೊಟ್‌ಹಿಲ್ಫ್ ಸಾಲ್ಟ್ಸ್‌ಮಾನ್ ಎಂಬ ಪಾದ್ರಿಯವರು ತ್ಯೂರಿಂಗಿಯ ಪ್ರಾಂತದ ಶ್ನೆಪ್ಫೆನ್‌ಟಾಲ್ ಎಂಬ ಹಳ್ಳಿಯಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿದ್ದರು. 1785ರಲ್ಲಿ ರಿಟರ್ ಮನೆಯ ಚಿಕ್ಕ ಕಾರ್ಲ್ ಅಲ್ಲಿಗೆ ಸೇರಿದನು. ಮಗುವನ್ನು ಬಿಟ್ಟುಬರಲು ಹೋದ ಉಪಾಧ್ಯಾಯನು ತಾನೂ ಅಲ್ಲಿಯೇ ನಿಂತನು. ಸಾಲ್ಟ್ಸ್‌ಮಾನರು ಆತನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಆ ಕಾರ್ಲ್ ರಿಟರನೇ ಮುಂದೆ ಲೋಕಪ್ರಸಿದ್ಧ ಭೂಗೋಳ ಪಂಡಿತನಾದನು. ಗೂಟ್ಸ್‌ಮೂಟ್ಸನು ಭೂಗೋಳವನ್ನೂ ಕಲಿಸುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬೇಕು.

ಮರುವರ್ಷ ಅಂಗಸಾಧನೆಯ ಪಾಠವೂ ಆತನ ಪಾಲಿಗೆ ಬಂದಿತು. ಓಟ, ನೆಗೆತ, ಏರುವುದು, ಸಮತೋಲ, ಎಸೆತ, ಈಜು, ಇವೆಲ್ಲವನ್ನೂ ಆತನು ಶಾಲೆಯ ಬಳಿಯ ಬಯಲಿನಲ್ಲಿ ವರ್ಷಗಟ್ಟಲೆ ಮಕ್ಕಳೊಡನೆ ಪರೀಕ್ಷಿಸಿ, 1793ರಲ್ಲಿ ಯುವಕರ ಅಂಗಸಾಧನೆಯನ್ನು ಕುರಿತ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಅದು 1800ರಲ್ಲಿ ಇಂಗ್ಲಿಷಿಗೆ ಬಂದಾಗ ಲಂಡನ್ನಿನ ಪ್ರಕಾಶಕರು ಕರ್ತೃವಿನ ಸ್ಥಾನದಲ್ಲಿ ಸಾಲ್ಟ್ಸ್‌ಮಾನರ ಹೆಸರನ್ನು ಅಚ್ಚುಹಾಕಿಸಿಬಿಟ್ಟರು. ಉಪಾಧ್ಯಾಯರ ದುಡಿಮೆಯ ಕೀರ್ತಿಯು ಮುಖ್ಯೋಪಾಧ್ಯಾಯರಿಗೆ ಸಲ್ಲುವುದು ಹೊಸ ಸಂಗತಿಯಲ್ಲವೆಂದು ನಮ್ಮ ಸಹೋದ್ಯೋಗಿನಿಯರು ನಗುವುದು ನಮಗೆ ಕೇಳಿಸುತ್ತಿದೆ.

ಗಳೆಯ ಸಹಾಯದಿಂದ ಕಾಲುವೆ ದಾಟುವುದು ಆತನು ಕಂಡುಹಿಡಿದ ವಿದ್ಯೆಯೇನೂ ಅಲ್ಲ. ಹಾಲೆಂಡಿನ ಮತ್ತು ಇಂಗ್ಲೆಂಡಿನ ಜೌಗುನಾಡುಗಳಲ್ಲಿ ಒಕ್ಕಲಿಗರು ಹೊಲದಿಂದ ಹೊಲಕ್ಕೆ ಹೀಗೆಯೇ ಹೋಗುತ್ತಿದ್ದರು. ಗೂಟ್ಸ್‌ಮೂಟ್ಸನು ಮಾಡಿದುದೇನೆಂದರೆ, ಆ ವಿದ್ಯೆಯನ್ನು ಬಿಡಿಸಿ ಪಾಠಗಳನ್ನಾಗಿ ಜೋಡಿಸಿದನು. ಮೊದಲು ಗಳೆಯಿಲ್ಲದೆ ಬರಿಯ ನೆಗೆತ. ಬಳಿಕ ಗಳೆಯೊಡನೆ ಎತ್ತರಕ್ಕೆ, ದೂರಕ್ಕೆ, ಮೇಲಿನಿಂದ ಕೆಳಕ್ಕೆ. ಎತ್ತರವನ್ನು ಅಳೆಯಲು ಎರಡು ಕಂಬಗಳನ್ನು ನೆಟ್ಟು, ಅವುಗಳಲ್ಲಿ ಸಾಲಾಗಿ ರಂಧ್ರಗಳನ್ನು ಕೊರೆಯಿಸಿ, ಗೂಟಗಳ ಮೇಲೆ ಒಂದು ಹಗ್ಗವನ್ನು ಹಾಯಿಸಿದನು. ಹಗ್ಗದ ತುದಿಗಳಲ್ಲಿ ಮರಳಿನ ಚೀಲಗಳು ತೂಗುತ್ತಿದ್ದವು. ಕಾಲು ತಗಲಿದರೆ ಹಗ್ಗವು ತಾನಾಗಿ ಕೆಳಕ್ಕೆ ಬೀಳುವುದು, ಮಗು ಎಡವಿ ಬೀಳದು. ಗೂಟವನ್ನು ಒಂದು ರಂಧ್ರ ಮೇಲಕ್ಕೆ ಏರಿಸಿದರೆ ಪಾಠವು ಅಷ್ಟೇ ಏರುವುದು. ಈ ಸಂಪ್ರದಾಯದ ಬಯಲುಗಳಲ್ಲಿ ದೂರದ ನೆಗೆತಕ್ಕೆ ಒಂದು ತುದಿಯಲ್ಲಿ ಕಿರಿದಾಗಿಯೂ ಮತ್ತೊಂದು ತುದಿಯಲ್ಲಿ ಅಗಲವಾಗಿಯೂ ಇರುವ ಕಾಲುವೆಯನ್ನು ತೋಡುತ್ತಿದ್ದರು. ಪ್ರತಿಯೊಂದು ಮಗುವೂ ತನ್ನ ಶಕ್ತಿಗೆ ತಕ್ಕ ಜಾಗದಲ್ಲಿ ನಿಂತು ಹಾರಿ, ದಿನಕ್ರಮೇಣ ಅಗಲದ ಕಡೆಗೆ ಸರಿಯಬಹುದಾಗಿತ್ತು.

ಈಗ ನಮ್ಮ ಕಾರಣವನ್ನು ಹೇಳುವೆವು. ನಾವು ಶಿಕ್ಷಕಿಯರ ತರಬೇತಿಯಲ್ಲಿದ್ದ ಕಾಲದಲ್ಲಿ ಒಂದು ಕ್ರೀಡಾದಿನದಂದು ನಮ್ಮ ಜೊತೆಗಾತಿಯೊಬ್ಬಳು ಬಿದಿರಿನ ಗಳೆಯನ್ನು ಹಿಡಿದು ಓಡಿದಳು. ಆಕೆಗೆ ಅದಕ್ಕೆ ಮುಂಚೆ ಯಾರೂ ಒಂದು ದಿನವೂ ಅಭ್ಯಾಸ ಮಾಡಿಸಿರಲಿಲ್ಲ. ಎತ್ತರ ಹಾರಬೇಕೆಂಬ ಉತ್ಸಾಹದಿಂದ ಗಳೆಯ ತುದಿಯನ್ನೇ ಹಿಡಿದಿದ್ದಳು. ಗಳೆಯು ಅರ್ಧಕ್ಕೆ ಏರಿ ನಿಂತಿತು. ಆಕೆ ಹಿಂದಕ್ಕೆ ಬಿದ್ದು ಮೊಣಕೈ ಮುರಿಯಿತು. ಮರುದಿನವೇ ಗಳೆಗಳನ್ನು ಚಪ್ಪರಕ್ಕೆ ಉಪಯೋಗಿಸಲಾಯಿತು, ಹೆಣ್ಣುಮಕ್ಕಳಿಗೆ ನೆಗೆತವೇ ಬೇಡವೆಂದು ತೀರ್ಮಾನವಾಯಿತು. ನಾವೂ ಅದನ್ನು ಸರಿಯೆಂದೇ ನಂಬಿ, ಮುಖ್ಯೋಪಾಧ್ಯಾಯಿನಿಯಾದ ಮೇಲೆ ಅನೇಕ ವರ್ಷ ಅದೇ ಆಜ್ಞೆಯನ್ನು ನಡೆಯಿಸಿದೆವು. ಈ ಮಹನೀಯನ ವಿಷಯವನ್ನು ಓದಿದ ಮೇಲೆ ನಮಗೆ ನಾಚಿಕೆಯಾಯಿತು. ಆ ಹುಡುಗಿಯನ್ನು ಕೆಡವಿದುದು ನೆಗೆತವಲ್ಲ, ಬಿಟ್ಟುಹೋದ ಮೆಟ್ಟಿಲುಗಳು.

ಆ ಮೆಟ್ಟಿಲುಗಳು ಯಾವುವೆಂಬುದನ್ನು ಇಂದಿನ ಶಿಕ್ಷಕರು ಬಹು ಸ್ಪಷ್ಟವಾಗಿ ತಿಳಿಸುತ್ತಾರೆ. ಗಳೆಯನ್ನು ನೆಟ್ಟಗೆ ನಿಲ್ಲಿಸಿ, ಬಲಗೈಯನ್ನು ಪೂರ್ತಿಯಾಗಿ ಮೇಲಕ್ಕೆ ಚಾಚಿ, ಅದು ಮುಟ್ಟುವ ಸ್ಥಳಕ್ಕಿಂತ ತುಸು ಮೇಲೆ ಹಿಡಿಯುವುದು ಮೊದಲನೆಯದು. ನಾಲ್ಕು ಹೆಜ್ಜೆ ನಡೆದು, ಎಡಗಾಲಿನಿಂದ ಚಿಮ್ಮಿ, ಗಳೆಯ ಬಲಪಕ್ಕದಿಂದ ತೂಗಿಹೋಗಿ ಮರಳಿನಲ್ಲಿ ಎರಡೂ ಕಾಲುಗಳ ಮೇಲೆ ಇಳಿಯಬೇಕು. ಇಲ್ಲಿ ಹಗ್ಗವೂ ಇಲ್ಲ, ಎತ್ತರವೂ ಇಲ್ಲ. ಹತ್ತು ಸಲ ಹಾರಿದರೆ ಹತ್ತು ಸಲವೂ ನೆಟ್ಟಗೆ ಇಳಿದ ಮೇಲೆಯೇ ಹಿಡಿತವನ್ನು ಒಂದು ಗೇಣಿನಷ್ಟು ಮೇಲಕ್ಕೆ ಏರಿಸತಕ್ಕದ್ದು. ಹಿಡಿತವು ವೇಗಕ್ಕೆ ಮೀರಿ ಎತ್ತರವಾದರೆ ಗಳೆಯು ಲಂಬವಾಗಿ ನಿಲ್ಲುವ ಮುನ್ನವೇ ಸೋತು, ಹಾರಿದವಳನ್ನು ಓಡಿಬಂದ ದಾರಿಗೇ ಹಿಂದಿರುಗಿಸುವುದು. ನಮ್ಮ ಜೊತೆಗಾತಿಗೆ ಆದುದು ಇದೇ.

ಮುಂದಿನ ಅಭ್ಯಾಸವು ಊರುವುದು. ಕಡೆಯ ಎರಡು ಮೂರು ಹೆಜ್ಜೆಗಳಲ್ಲಿ ಸೊಂಟದ ಬಳಿಯಿರುವ ಗಳೆಯು ಕಿವಿಯನ್ನು ಹಾದು ತಲೆಯ ಮೇಲಕ್ಕೆ ಏರಬೇಕು. ಕಾಲು ಚಿಮ್ಮುವಾಗ ಬಲಗೈಯು ಪೂರ್ತಿಯಾಗಿ ಚಾಚಿರಬೇಕು, ಚಿಮ್ಮುವ ಪಾದವು ಆ ಕೈಯ ನೇರ ಕೆಳಗೆ ಇರಬೇಕು. ಪಾದವು ಮುಂದಕ್ಕೆ ಹೋದರೆ ಗಳೆಯು ಭುಜವನ್ನು ಜಗ್ಗುವುದು. ಇದನ್ನು ನಡೆಯುತ್ತ ಅಭ್ಯಸಿಸಿ, ಆಮೇಲೆ ನಿಧಾನವಾಗಿ ಓಡುತ್ತ ಅಭ್ಯಸಿಸುವುದು. ಬಳಿಕ ಉಯ್ಯಾಲೆಯಂತೆ ಎಡಗಾಲನ್ನು ನೀಳವಾಗಿ ಬೀಸಿ ಸೊಂಟವನ್ನು ಎತ್ತುವುದು. ಅದಾದ ಮೇಲೆ ತಿರುವು: ಹಗ್ಗವನ್ನು ದಾಟುವಾಗ ಮೈಯನ್ನು ಹೊರಳಿಸಿ, ಓಡಿಬಂದ ದಿಕ್ಕಿಗೆ ಮುಖಮಾಡುವುದು. ಗೂಟ್ಸ್‌ಮೂಟ್ಸನ ಕಾಲದ ನೆಗೆತದಲ್ಲಿಯೂ ಈ ತಿರುವು ಇದ್ದಿತು. ಓಟದ ದೂರವನ್ನು ಹೆಚ್ಚಿಸುವುದು ಎಲ್ಲಕ್ಕಿಂತ ಕಡೆಗೆ. ಓಟದ ವೇಗವೇ ಎತ್ತರವಾಗಿ ಮಾರ್ಪಡುವುದರಿಂದ ಮಕ್ಕಳು ಮೊದಲೇ ಅದನ್ನು ಬಯಸುತ್ತಾರೆ. ಸೆಕೆಂಡಿಗೆ 6 ಮೀಟರು ಓಡುವ ಬಾಲಕಿಯ ವೇಗವೆಲ್ಲವೂ ನಷ್ಟವಾಗದೆ ಏರಿಕೆಗೆ ಬಂದರೆ ಆಕೆಯ ಮೈ ಸುಮಾರು 1.8 ಮೀಟರು ಏರಬಲ್ಲದೆಂಬುದನ್ನು ನಮ್ಮ ಭೌತಶಾಸ್ತ್ರದ ತರಗತಿಯವರೇ ಲೆಕ್ಕಹಾಕಬಲ್ಲರು. ಊರುವುದನ್ನು ಕಲಿಯದವಳಿಗೆ ಆ ವೇಗವೆಲ್ಲವೂ ಪೆಟ್ಟಾಗಿ ಪರಿಣಮಿಸುವುದು.

ಚರಿತ್ರೆಗೆ ಹಿಂದಿರುಗುವೆವು. ಆತನು 1796ರಲ್ಲಿ ಆಟಗಳ ಪುಸ್ತಕವನ್ನೂ 1798ರಲ್ಲಿ ಈಜಿನ ಪುಸ್ತಕವನ್ನೂ ಬರೆದನು. ಡೆನ್ಮಾರ್ಕಿನ ನಾಖ್ಟೆಗಾಲ್ ಎಂಬಾತನು ಆತನ ಗ್ರಂಥದಿಂದ ಪ್ರೇರಿತನಾಗಿ 1799ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅಂಗಸಾಧನ ಶಾಲೆಯನ್ನು ತೆರೆದನು. ಬರ್ಲಿನ್ನಿನಲ್ಲಿ ಯಾನ್ ಎಂಬಾತನು 1811ರಲ್ಲಿ ತೆರೆದ ಬಯಲು ಇನ್ನೂ ಹೆಚ್ಚು ಹೆಸರಾಯಿತು. ಆದರೆ ಯಾನನ ಬಯಲಿನಲ್ಲಿ ರಾಜಕೀಯದ ಕೂಗೂ ಸೇರಿದುದರಿಂದ 1820ರಲ್ಲಿ ಪ್ರಷ್ಯ ಸರಕಾರವು ಅಂತಹ ಬಯಲುಗಳನ್ನು ಮುಚ್ಚಿಸಿತು. 1842ರ ವರೆಗೆ ಆ ನಿಷೇಧವಿದ್ದಿತು. ಹಿರಿಯ ಉಪಾಧ್ಯಾಯನು ಅದು ತೆರವಾದುದನ್ನು ನೋಡಲಿಲ್ಲ.

ಒಂದು ಕೊರತೆಯನ್ನು ಮರೆಮಾಚಲಾರೆವು. ಆ ಬಯಲಿನಲ್ಲಿ ಆತನ ಮುಂದೆ ನಿಂತವರು ಹುಡುಗರು. 1817ರ ಆತನ ಪುಸ್ತಕವಂತೂ ಶಿರೋನಾಮೆಯಲ್ಲಿಯೇ ನಾಡಿನ ಗಂಡುಮಕ್ಕಳಿಗೆಂದು ಹೇಳಿಕೊಂಡಿತು. ಒಲಿಂಪಿಕ್ ಪಂದ್ಯಗಳಲ್ಲಿ ಗಂಡಸರು 1896ರಿಂದ ಗಳೆಯೊಡನೆ ಹಾರಿದರು. ಅಂದಿನ ವಿಜಯಿಯ ಎತ್ತರ 3.30 ಮೀಟರು. ಅಮೆರಿಕದ ವಾರ್ಮರ್‌ಡಾಮ್ ಎಂಬಾತನು ನಮ್ಮ ಮಲೆನಾಡಿನವರು ಬಲ್ಲ ಬಿದಿರನ್ನೇ ಹಿಡಿದು 1942ರಲ್ಲಿ 4.77 ಮೀಟರು ದಾಟಿದನು. ಹೆಂಗಸರಿಗೆ ಆ ಪಂದ್ಯದ ಬಾಗಿಲು ತೆರೆದುದು 2000ನೆಯ ಇಸವಿಯಲ್ಲಿ, ಸಿಡ್ನಿಯಲ್ಲಿ. ಅಲ್ಲಿ ಅಮೆರಿಕದ ಸ್ಟೇಸಿ ಡ್ರಾಗಿಲ 4.60 ಮೀಟರು ಹಾರಿ ಚಿನ್ನದ ಪದಕವನ್ನು ಪಡೆದಳು. ನೂರು ವರ್ಷ ಕಾಯಿಸಿದ್ದಕ್ಕೆ ಯಾವ ವೈದ್ಯಶಾಸ್ತ್ರವೂ ಕಾರಣವಾಗಿರಲಿಲ್ಲವೆಂಬುದು ಆ ಒಂದು ಸಂಜೆಯಲ್ಲಿ ತೋರಿಬಂದಿತು.

ಕಳೆದ ವರ್ಷ ನಮ್ಮ ಆಟದ ಬಯಲಿನ ಮೂಲೆಯಲ್ಲಿ ಮರಳು ತುಂಬಿಸಿ, ಎಂಟನೆಯ ತರಗತಿಯವರಿಗೆ ಮೊದಲನೆಯ ಪಾಠವನ್ನು ಆರಂಭಿಸಿದೆವು. ಹಗ್ಗವನ್ನು ಇನ್ನೂ ಕಟ್ಟಿಲ್ಲ. ಯಾವಾಗ ಕಟ್ಟುವಿರೆಂದು ಹುಡುಗಿಯರು ವಾರಕ್ಕೊಮ್ಮೆ ಕೇಳುತ್ತಾರೆ.

ಗೂಟ್ಸ್‌ಮೂಟ್ಸನು ಸುಮಾರು ಐವತ್ತು ವರ್ಷ ಆ ಒಂದೇ ಶಾಲೆಯಲ್ಲಿ ಕಲಿಸಿ, 1839ರ ಮೇ 21ರಂದು ಸಮೀಪದ ಈಬೆನ್‌ಹೈನ್ ಹಳ್ಳಿಯಲ್ಲಿ ತನ್ನ 79ನೆಯ ವಯಸ್ಸಿನಲ್ಲಿ ಮೃತನಾದನು. ಶ್ನೆಪ್ಫೆನ್‌ಟಾಲಿನ ಶಾಲೆಯು ಇಂದಿಗೂ ನಡೆಯುತ್ತಿದೆ. ಈಗ ಅಲ್ಲಿ ಹುಡುಗಿಯರೂ ಓದುತ್ತಾರೆ.